ಮೂರು ಸಲ ಕೆಟ್ಟು ನಾಲ್ಕನೇ ಸಲ ನಿಂತ ಅಡಿಕೆ ದರದ ವೆಬ್‌ಸೈಟ್

ಸಾಗರದಲ್ಲಿ ಕೂತು ಅಡಿಕೆ ದರದ ವೆಬ್‌ಸೈಟ್ ನಡೆಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ದೊಡ್ಡಪ್ಪನ ಮಗ, "ದರ ವಾಟ್ಸ್ಆ್ಯಪ್ ಗ್ರೂಪಿಗೇ ಬರುತ್ತಲ್ಲೋ, ನಿನ್ನ ಸೈಟ್ ಯಾರು ತೆಗೀತಾರೆ? ಮಾಡೋದಾದ್ರೆ ಆ್ಯಪ್ ಮಾಡು" ಅಂದಿದ್ದ. ಈಗ ಸುಗ್ಗಿಯ ದಿನಗಳಲ್ಲಿ ಮಧ್ಯಾಹ್ನ 3ರಿಂದ 5ರ ಒಳಗೇ ಸುಮಾರು 4,000 ಜನ ತೆಗೆಯುತ್ತಾರೆ. ಹತ್ತರಲ್ಲಿ ಏಳು ಜನ ಹಿಂದಿನ ವಾರವೂ ಬಂದವರು. ಆ ಗ್ರೂಪುಗಳಲ್ಲಿ ಓಡಾಡುವುದೂ ಈಗ ನನ್ನ ಸೈಟಿನ ಲಿಂಕೇ. ಅವನಿಗೆ ಇದನ್ನು ಎರಡು ಸಲ ಹೇಳಿದ್ದೇನೆ, ಮೂರನೇ ಸಲ ಹೇಳೋಕೆ ಹಬ್ಬ ಕಾಯ್ತಿದ್ದೇನೆ.

ಮೊದಲ ಸೈಟ್ ನಾನು ಮಾಡಿದ್ದಲ್ಲ, ಮಾಡಿಸಿದ್ದು. 22,000 ರೂಪಾಯಿ ಕೊಟ್ಟೆ. ತೆಗೆದ ಕೂಡಲೇ ತೋಟದ ದೊಡ್ಡ ಫೋಟೋಗಳು ಒಂದಾದ ಮೇಲೊಂದು ಜಾರುತ್ತಿದ್ದವು, ಒಂದೊಂದೂ 2–3 ಎಂಬಿ. ಕೆಳಗೆ "ನಮ್ಮ ಧ್ಯೇಯ", ಅದರ ಕೆಳಗೆ "ನಮ್ಮ ತಂಡ". ತಂಡ ಅಂದರೆ ನಾನೊಬ್ಬ. ದರ ನೋಡಬೇಕಾದರೆ ಮೆನು ತೆಗೆದು ಎರಡು ಪುಟ ದಾಟಬೇಕಿತ್ತು. ಆದರೂ ನೋಡೋಕೆ ಬಹಳ ಚೆನ್ನಾಗಿತ್ತು, ಅದೇ ಕಷ್ಟ. ನೋಡಿದವರೆಲ್ಲ ಹೊಗಳಿದರು, ಯಾರೂ ಮತ್ತೆ ಬರಲಿಲ್ಲ. ಹೋಸ್ಟಿಂಗ್, ಅಂದರೆ ಸೈಟ್ ಇಡುವ ಜಾಗ, ಮೊದಲ ವರ್ಷ 2,400ಕ್ಕೆ ಕೊಟ್ಟವರು ಎರಡನೇ ವರ್ಷ ಏಳು ಸಾವಿರದ ಹತ್ತಿರ ಕೇಳಿದರು. ಈ ಆಟ ನಿಮಗೆ ಗೊತ್ತೇ ಇರುತ್ತೆ, ಬಿಡಿ.

ಎರಡನೇ ಸಲ ನಾನೇ, ಸೈಟ್ ಕಟ್ಟುವ ಸಿದ್ಧ ಸಾಧನವಾದ ವರ್ಡ್‌ಪ್ರೆಸ್‌ನಲ್ಲಿ ಮಾಡಿದೆ. ತಪ್ಪು ವರ್ಡ್‌ಪ್ರೆಸ್‌ದಲ್ಲ, ಅದಕ್ಕೆ 23 ಪ್ಲಗಿನ್, ಅಂದರೆ ಹೆಚ್ಚುವರಿ ತುಣುಕು, ಹಾಕಿದ ನನ್ನದು. ತೆಗೆದ ತಕ್ಷಣ "ನೋಟಿಫಿಕೇಶನ್ ಬೇಕಾ?" ಅಂತ ಪಾಪ್‌ಅಪ್. ಜನ ಓದುವುದೂ ಇಲ್ಲ, "ಬೇಡ" ಒತ್ತುತ್ತಾರೆ. ಒಮ್ಮೆ ಬೇಡ ಅಂದವರನ್ನು ಮತ್ತೆ ಕೇಳುವ ಹಾಗೂ ಇಲ್ಲ. ಜಾಹೀರಾತೂ ಹಾಕಿದ್ದೆ. ಅದು ತಡವಾಗಿ ಬಂದು ದರದ ಪಟ್ಟಿಯನ್ನು ಕೆಳಗೆ ತಳ್ಳುತ್ತಿತ್ತು. ಶಿರಸಿ ಒತ್ತೋಕೆ ಹೋದ ಹೆಬ್ಬೆರಳು ಜಾಹೀರಾತಿನ ಮೇಲೆ ಬೀಳುತ್ತಿತ್ತು. ಅದರ ಗಳಿಕೆ 100 ಡಾಲರ್ ಆಗದೆ ದುಡ್ಡು ಕೈಗೆ ಬರಲ್ಲ, ಅಷ್ಟಾಗೋಕೆ ಏಳು ತಿಂಗಳು ಹಿಡೀತು. ಅಷ್ಟರಲ್ಲಿ ಕಳೆದುಕೊಂಡ ಜನ ಎಷ್ಟೋ. ಮೂರನೆಯದರ ಕಥೆ ಚಿಕ್ಕದು: ಆ್ಯಪ್ ತರಹ ಕಾಣುವ ಸೈಟ್ ಅಂತ ಮಾಡಿದೆ, ಹಳೇ ಫೋನುಗಳಲ್ಲಿ ಬಿಳಿ ಪರದೆ ಬಿಟ್ಟು ಏನೂ ಬರಲಿಲ್ಲ. ಒಟ್ಟು 60,000ದ ಹತ್ತಿರ ನೀರಿಗೆ ಹೋಯಿತು. ಮನೆಯಲ್ಲಿ ಪೂರ್ತಿ ಲೆಕ್ಕ ಇವತ್ತಿಗೂ ಹೇಳಿಲ್ಲ.

ದಾರಿ ಸಿಕ್ಕಿದ್ದು ಮಾವನ ಮನೆ ಅಂಗಳದಲ್ಲಿ. ಅಡಿಕೆ ಒಣಗಿಸಿದ ಚಪ್ಪರದ ಕೆಳಗೆ ಕೂತು ಫೋನ್ ಅವರ ಕೈಗೆ ಕೊಟ್ಟು, "ಇವತ್ತಿನ ರಾಶಿ ದರ ನೋಡಿ ಮಾವ" ಅಂದು ಸುಮ್ನೆ ಕೂತೆ. ರಾಶಿ ಅಂದರೆ ಅಡಿಕೆಯ ಒಂದು ಬಗೆ. ಬಾಯಿ ಬಿಡಬಾರದು, ಅದೇ ಕಷ್ಟದ ಕೆಲಸ. ಮೂಲೆಯಲ್ಲಿದ್ದ ಮೂರು ಗೆರೆ ಮೆನು ಅಂತ ಅವರಿಗೆ ಹೊಳೆಯಲೇ ಇಲ್ಲ, ಅಲಂಕಾರಕ್ಕೆ ಹಾಕಿದ್ದು ಅಂದುಕೊಂಡಿದ್ದರು. ತಿಳಿ ಬೂದು ಬಣ್ಣದ ಅಕ್ಷರ ಬಿಸಿಲಿಗೆ ಕಾಣಲಿಲ್ಲ. ಪಟ್ಟಿ ಅಗಲ ಜಾಸ್ತಿ, ಬಲಕ್ಕೆ ಸರಿಸಿದರೆ ಯಾವ ಊರಿನ ಸಾಲು ಅನ್ನೋದೇ ಮರೆತುಹೋಗುತ್ತಿತ್ತು. ನಾಲ್ಕು ನಿಮಿಷ ಒದ್ದಾಡಿ, "ಪೇಟೆಗೆ ಫೋನ್ ಮಾಡಿ ಕೇಳಿದ್ರೆ ಬೇಗ ಆಗ್ತಿತ್ತಲ್ಲೋ" ಅಂತ ವಾಪಸ್ ಕೊಟ್ಟರು.

ಆಮೇಲೆ ಒಂದೇ ಮಾತು ಇಟ್ಟುಕೊಂಡೆ: ದಿನಾ ಬದಲಾಗುವ ಸಂಖ್ಯೆ, ಎಂದೂ ಬದಲಾಗದ ಜಾಗದಲ್ಲಿ ಇರಬೇಕು. ತೆಗೆದ ಕೂಡಲೇ ದರ. ಮೆನು ಇಲ್ಲ, ಕೊನೆಯಲ್ಲಿ "ಇನ್ನಷ್ಟು" ಅಂತ ಒಂದು ಬಟನ್ ಅಷ್ಟೇ. ಒಂದು ಸಲ ಊರು ಆರಿಸಿದರೆ ಫೋನ್ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಲಾಗಿನ್ ಇಲ್ಲ. ಮೊದಲು ಎಲ್ಲ ಊರಿಗೂ ಒಂದೇ ಪಟ್ಟಿ ಮಾಡಿದ್ದೆ, ಅದರ ಅರ್ಧ ಚೌಕಗಳು ಖಾಲಿ. ಶಿವಮೊಗ್ಗದವರಿಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಬಗೆಗಳ ದರ ಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಚಾಲಿ, ತಟ್ಟಿಬೆಟ್ಟೆ, ಬಿಳೇಗೊಟು, ಕೆಂಪುಗೊಟು ಕೇಳುತ್ತಾರೆ. ಈಗ ಊರಿಗೊಂದು ಪಟ್ಟಿ, ಅಲ್ಲಿನವರು ಹೇಳುವ ಹೆಸರಿನಲ್ಲೇ.

ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದರ ಎಲ್ಲರಿಗೂ ಸಿಗುತ್ತದೆ. ಹಾಗಿದ್ದರೆ ನನ್ನ ಹತ್ತಿರ ಬೇಗ ಹೇಗೆ ಬರುತ್ತೆ ಅಂತ ಬಹಳ ಜನ ಕೇಳಿದ್ದಾರೆ. ಅದು ಹೊಟ್ಟೆಪಾಡಿನ ವಿಷಯ, ಹೇಳಲ್ಲ.

ಕನ್ನಡ ಅಕ್ಷರದ ಜೊತೆ ಆದ ಗುದ್ದಾಟ ಮಾತ್ರ ಹೇಳಲೇಬೇಕು. ಬಟನ್ ಎತ್ತರ ಬಿಗಿಯಾಗಿ ಇಟ್ಟಿದ್ದೆ, ಹೊರಗೆ ಬಂದಿದ್ದನ್ನು ಕತ್ತರಿಸುವಂತೆ ಪುಟದ ವಿನ್ಯಾಸದ ಕೋಡ್ ಆದ ಸಿಎಸ್‌ಎಸ್ ಬರೆದಿದ್ದೆ. ಒತ್ತಕ್ಷರ ಕತ್ತರಿಸಿಹೋಗಿ "ಬೆಟ್ಟೆ" ಹೋಗಿ "ಬೆಟೆ" ಆಯಿತು, "ಚಿಪ್ಪು" ಹೋಗಿ "ಚಿಪು". ನನ್ನ ಕಂಪ್ಯೂಟರಿನಲ್ಲಿ ಸರಿಯಾಗೇ ಇತ್ತು, ಹಾಗಾಗಿ ಒಂದು ತಿಂಗಳು ಗೊತ್ತೇ ಆಗಲಿಲ್ಲ. ಇಂಗ್ಲಿಷಿಗೆ ಸಾಲಿನ ಎತ್ತರ ಅಕ್ಷರದ ಅಳತೆಯ 1.4 ಪಟ್ಟು ಸಾಕು, ಕನ್ನಡಕ್ಕೆ ನಾನು 1.7ಕ್ಕಿಂತ ಕೆಳಗೆ ಇಳಿಯಲ್ಲ. ಅಕ್ಷರ 18 ಪಿಕ್ಸೆಲ್, ದರ 26. ಇನ್ನೊಂದು, ಚಂದದ ವೆಬ್‌ಫಾಂಟ್ ಆಸೆ ಬಿಟ್ಟೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ನೋಟೋ ಕನ್ನಡ ಫಾಂಟ್ ಹೇಗೂ ಇರುತ್ತದೆ, ಅದನ್ನೇ ಬಳಸಿದರೆ ನೂರಾರು ಕೆಬಿ ಉಳಿಯಿತು. ಈಗ ಮುಖಪುಟ ಪೂರ್ತಿ ಸೇರಿ 40 ಕೆಬಿ ಚಿಲ್ಲರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಗೇಟಿನ ಹತ್ತಿರ ಮಾತ್ರ. ಅಲ್ಲಿ ಮಳೆಯಲ್ಲಿ ಕೊಡೆ ಹಿಡಿದು ನಿಂತವನ ಫೋನಿನಲ್ಲೂ ತೆರೆದುಕೊಳ್ಳಬೇಕಲ್ವಾ? ಪೇಜ್‌ಸ್ಪೀಡ್‌ನಲ್ಲಿ (ಪುಟದ ವೇಗ ಅಳೆಯುವ ಗೂಗಲ್ ಸಾಧನ) ನನಗೆ ನೂರಕ್ಕೆ 97 ಬರುತ್ತದೆ, ದೊಡ್ಡಪ್ಪನ ಮಗನ ಕಂಪನಿ ಸೈಟಿಗೆ 50 ದಾಟಲ್ಲ. ನೋಡಿದ್ದೇನೆ.

ಒಳಗೆ ಏನೂ ದೊಡ್ಡ ವಿದ್ಯೆ ಇಲ್ಲ. ಗೂಗಲ್ ಶೀಟ್‌ನಲ್ಲಿ ದರ ತುಂಬುತ್ತೇನೆ, ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೀ ಎಚ್‌ಟಿಎಂಎಲ್ ಪುಟ ಮಾಡಿ ಏರಿಸುತ್ತದೆ. ಡೇಟಾಬೇಸ್ ಇಲ್ಲ, ಹೋಸ್ಟಿಂಗ್ ಖರ್ಚಿಲ್ಲ. ಡೊಮೈನಿಗೆ, ಅಂದರೆ ಸೈಟಿನ ಹೆಸರಿಗೆ, ವರ್ಷಕ್ಕೆ 800–900 ಅಷ್ಟೇ.

ಇಷ್ಟಾದರೂ ಒಮ್ಮೆ ಮರ್ಯಾದೆ ಹೋಯಿತು. ರಾಶಿಗೆ 48,500 ಬದಲು 4,850 ಹಾಕಿಬಿಟ್ಟೆ. ಹತ್ತು ನಿಮಿಷದಲ್ಲಿ ಫೋನ್ ಶುರು. ಹಿರಿಯರೊಬ್ಬರು, "ಏನಪ್ಪಾ, ನಮ್ಮ ಎದೆ ಗಟ್ಟಿ ಇದೆಯೋ ಇಲ್ವೋ ಪರೀಕ್ಷೆ ಮಾಡ್ತಾ ಇದ್ದೀಯಾ?" ಅಂದರು. ಅವತ್ತು ರಾತ್ರಿಯೇ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದೆ: ನಿನ್ನೆಗಿಂತ ಹತ್ತು ಪರ್ಸೆಂಟ್ ಆಚೀಚೆ ಆದರೆ ಏರಿಸಬೇಡ, ನನ್ನನ್ನು ಕೇಳು. ಅದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿತ್ತು. ಭಾನುವಾರ ಶನಿವಾರದ ದರವೇ ಇರುತ್ತಿತ್ತು, ಮೇಲೆ ಮಾತ್ರ ಇವತ್ತಿನ ತಾರೀಕು ತಾನಾಗಿ ಬರುತ್ತಿತ್ತು. ಸೊನ್ನೆ ಬಿಟ್ಟಿದ್ದನ್ನು ಜನ ನಕ್ಕು ಮರೆತರು, ಇದನ್ನು ಮರೆಯಲಿಲ್ಲ. ಈಗ "ಇಂದು ಮಾರುಕಟ್ಟೆ ರಜೆ. ಇದು ಶನಿವಾರದ ದರ" ಅಂತ ದರದಷ್ಟೇ ದಪ್ಪ ಅಕ್ಷರದಲ್ಲಿ ಬರುತ್ತದೆ.

ನಡುವೆ ಹುಚ್ಚು ಪ್ರಯೋಗಗಳೂ ನಡೆದವು. ಕನ್ನಡದ ಅಭಿಮಾನ ಅಂತ ದರಗಳನ್ನು ಕನ್ನಡ ಅಂಕಿಯಲ್ಲಿ ಹಾಕಿದೆ. ೫ ಮತ್ತು ೬ ನೋಡಿ ಗೊಂದಲ ಮಾಡಿಕೊಂಡವರು ಎಷ್ಟು ಜನ ಅಂತೀರಿ! ಮೂರೇ ದಿನಕ್ಕೆ ತೆಗೆದೆ. ಒಂದು ವರ್ಷದ ಏರಿಳಿತದ ಗ್ರಾಫ್ ಹಾಕಿದೆ, ನೋಡಿದವರು ಇಬ್ಬರು ವ್ಯಾಪಾರಸ್ಥರು. ಅದೇ ವಿಷಯವನ್ನು "ಹೋದ ವರ್ಷ ಇದೇ ದಿನ" ಅಂತ ಒಂದು ಸಾಲಲ್ಲಿ ಬರೆದೆ. ಅದು ಹಿಡಿದುಕೊಂಡಿತು. ಆಗ ಮಾರಬೇಕಿತ್ತು, ಈಗ ಮಾರಬೇಕಿತ್ತು ಅಂತ ಹೊಟ್ಟೆ ಉರಿಸಿಕೊಳ್ಳೋಕೇ ಜನ ದಿನಾ ಬರುತ್ತಾರೆ.

ಹುಡುಕುವ ಪೆಟ್ಟಿಗೆಯದ್ದು ಬೇರೆಯೇ ಗೋಳು. ಗೂಗಲ್‌ನಲ್ಲಿ ಹುಡುಕುವವರು ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಹಾಗಾಗಿ ಪುಟದ ಟೈಟಲ್ಲಿನಲ್ಲಿ ಎರಡೂ ಲಿಪಿ ಇಟ್ಟೆ. ಸೈಟಿನೊಳಗೆ ಕನ್ನಡದಲ್ಲಿ ಟೈಪ್ ಮಾಡಿದರೂ ಸಿಗುತ್ತಿರಲಿಲ್ಲ. ಕೆಲವು ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಣೆ ಅಕ್ಷರ ಸೇರಿಕೊಂಡಿರುತ್ತದೆ, ಒಂದೊಂದು ಕೀಬೋರ್ಡ್ ಒಂದೊಂದು ತರಹ. ಹುಡುಕುವ ಮೊದಲು ಅದನ್ನು ತೆಗೆದುಹಾಕಿದರೆ ಸರಿ. ಆಮೇಲೆ ಹುಡುಕುವ ಪೆಟ್ಟಿಗೆಯನ್ನೇ ತೆಗೆದೆ, ಅದು ಬೇರೆ ಮಾತು.

ಸುಗ್ಗಿ ಮುಗಿದ ಮೇಲೆ ಜನ ಅರ್ಧಕ್ಕರ್ಧ ಇಳಿದುಬಿಟ್ಟರು. ಮಾಲೇ ಇಲ್ಲದವರಿಗೆ ದರ ಯಾಕೆ? ಆಗ ದರದ ಕೆಳಗೆ ಮಳೆ ಸೇರಿಸಿದೆ. ಮನೆಯಲ್ಲಿ ಮಳೆ ಮಾಪಕ ಇಟ್ಟು ಲೆಕ್ಕ ಬರೆಯುವವರು ಮಲೆನಾಡಿನಲ್ಲಿ ಕಮ್ಮಿ ಇಲ್ಲ. ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ ಕಡೆಯ ಹದಿನಾಲ್ಕು ಜನ ಬೆಳಿಗ್ಗೆ 8ಕ್ಕೆ ಮಿಲಿಮೀಟರ್ ಕಳಿಸುತ್ತಾರೆ, ಊರಿನ ಹೆಸರಿನ ಪಕ್ಕ ಹಾಕುತ್ತೇನೆ. ಅದರ ಕೆಳಗೆ ಲಿಂಗನಮಕ್ಕಿ ನೀರಿನ ಮಟ್ಟ. ಪೂರ್ತಿ ಮಟ್ಟ 1819 ಅಡಿ ಅನ್ನೋದು ಇಲ್ಲಿ ಮಕ್ಕಳಿಗೂ ಬಾಯಿಪಾಠ, ಅದಕ್ಕೆ ಇನ್ನೆಷ್ಟು ಅಡಿ ಬಾಕಿ ಅಂತ ಮಾತ್ರ ಬರೆಯುತ್ತೇನೆ. ಜೋಗ ನೋಡೋಕೆ ಬರುವವರೂ ಇದನ್ನು ತೆಗೆಯೋಕೆ ಶುರು ಮಾಡಿದರು, ನಾನು ಅಂದುಕೊಂಡೇ ಇರಲಿಲ್ಲ.

ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಹೊತ್ತಿಗೆ, ಆ ಮದ್ದಾದ ಬೋರ್ಡೋ ದ್ರಾವಣದ ಲೆಕ್ಕದ ಪೆಟ್ಟಿಗೆ ಸೈಟಿನಲ್ಲಿ ಬರುತ್ತದೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎಲ್ಲರಿಗೂ ಗೊತ್ತು. ಆದರೆ 180 ಲೀಟರಿನ ಬ್ಯಾರಲ್ಲಿಗೆ ಎಷ್ಟು ಅಂತ ಮಳೆ ಬಿಟ್ಟ ಗಳಿಗೆಯಲ್ಲಿ ನಿಂತು ಲೆಕ್ಕ ಹಾಕೋಕೆ ಪುರುಸೊತ್ತು ಇರಲ್ಲ. ಎರಡನೇ ಸಲದ ಸಿಂಪರಣೆ ದಿನ ನೆನಪಿಸುವ ಒಂದು ಸಣ್ಣ ಉಪಾಯವೂ ಅದರಲ್ಲಿದೆ. ಜನ ಅದಕ್ಕೇ ವಾಪಸ್ ಬರುತ್ತಾರೆ. ಹೇಗೆ ಮಾಡಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡಿನ ಮಾತು. ಆ ಹಾರಾಡುವ ಜಾಹೀರಾತು ಪೂರ್ತಿ ತೆಗೆದೆ. ದೋಟಿ (ಅಡಿಕೆ ಕೊಯ್ಯುವ ಉದ್ದ ಕೋಲು) ಮಾರುವವರು, ಪಂಪ್ ರಿಪೇರಿಯವರು, ಗೊಬ್ಬರದ ಅಂಗಡಿ, ಹೀಗೆ ಆರು ಜನರ ಹತ್ತಿರ ತಿಂಗಳಿಗೆ 1,500 ತೆಗೆದುಕೊಳ್ಳುತ್ತೇನೆ. ಫೋಟೋ ಇಲ್ಲ. ಎರಡು ಸಾಲು ಅಕ್ಷರ, ಒಂದು ಫೋನ್ ಬಟನ್. ಮೊದಲ ಅಂಗಡಿಯವರು ನಂಬದೆ ಒಂದು ತಿಂಗಳು ಪುಕ್ಕಟೆ ಹಾಕಿಸಿಕೊಂಡರು. ಕಾರ್ಬನ್ ಫೈಬರ್ ದೋಟಿ ಕೇಳಿಕೊಂಡು ದಿನಕ್ಕೆ ಐದಾರು ಫೋನ್ ಬಂದ ಮೇಲೆ ಅವರೇ ಮೂರು ತಿಂಗಳ ದುಡ್ಡು ಮುಂಗಡ ಕೊಟ್ಟರು. ನೀರಿಗೆ ಹಾಕಿದ 60,000 ವಾಪಸ್ ಬರೋಕೆ ಒಂದು ವರ್ಷವೂ ಬೇಕಾಗಲಿಲ್ಲ.

ಹೋದ ದೀಪಾವಳಿಗೆ ಕೈ ಸುಮ್ನಿರದೆ ಮೇಲಿನ ಹಸಿರು ಪಟ್ಟಿಯನ್ನು ನೀಲಿ ಮಾಡಿದೆ, ರಾಶಿಯನ್ನು ಮೊದಲ ಸಾಲಿನಿಂದ ಎರಡನೇ ಸಾಲಿಗೆ ಇಳಿಸಿದೆ. ಮಧ್ಯಾಹ್ನದ ಒಳಗೆ ಹನ್ನೊಂದು ಫೋನ್. ಸೈಟ್ ಹಾಳಾಗಿದೆ ಅಂದವರು ಕೆಲವರು, ಯಾರೋ ಕಳ್ಳ ಸೈಟ್ ಮಾಡಿದ್ದಾರೆ ಅಂದವರು ಕೆಲವರು. ಸಂಜೆಗೆ ಎಲ್ಲ ಮೊದಲಿನ ಹಾಗೇ ಮಾಡಿದೆ. ರಾತ್ರಿ ಮಾವನಿಗೆ ಫೋನ್ ಮಾಡಿ, ನೀಲಿ ಬಣ್ಣ ಹೇಗಿತ್ತು ಅಂತ ಕೇಳಿದೆ. "ಬಣ್ಣ ಯಾರು ನೋಡಿದ್ರೋ? ರಾಶಿ ಜಾಗದಲ್ಲಿ ಬೆಟ್ಟೆ ದರ ಓದಿಕೊಂಡು ಅರ್ಧ ದಿನ ಖುಷಿಯಾಗಿದ್ದೆ" ಅಂದರು.