ಎಚ್-4 ಮಕ್ಕಳ ಕಾಲೇಜು ಶುಲ್ಕ: ಅಮೆರಿಕದಲ್ಲಿ ‘ಇನ್-ಸ್ಟೇಟ್’ ದರ ಪಡೆಯುವುದು ಹೇಗೆ?

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯಾವುದೇ ಕ್ಯಾಂಪಸ್ಸಿಗೆ, ಬರ್ಕ್ಲಿಯೇ ಇರಲಿ ಡೇವಿಸ್ಸೇ ಇರಲಿ, 2025-26ರಲ್ಲಿ ಪದವಿಗೆ ಸೇರಿದ ಹೊರರಾಜ್ಯದ ಹುಡುಗಿ ಪಕ್ಕದಲ್ಲಿ ಕೂತ ಕ್ಯಾಲಿಫೋರ್ನಿಯಾದ ಹುಡುಗಿಗಿಂತ ವರ್ಷಕ್ಕೆ 37,602 ಡಾಲರ್ ಹೆಚ್ಚು ಕಟ್ಟಬೇಕು. ನಾಲ್ಕು ವರ್ಷಕ್ಕೆ ಅದು ಒಂದೂವರೆ ಲಕ್ಷ ಡಾಲರ್. ರೂಪಾಯಿ ಲೆಕ್ಕ ಹಾಕಿದರೆ ಕೋಟಿ ದಾಟುತ್ತದೆ. ಪಾಠ ಒಂದೇ, ಪರೀಕ್ಷೆ ಒಂದೇ, ಕೊನೆಗೆ ಸಿಗುವ ಪದವಿಯೂ ಒಂದೇ.

ನುರಿತ ನೌಕರರ ಎಚ್-1ಬಿ ವೀಸಾದಲ್ಲಿರುವ ತಂದೆ ಅಥವಾ ತಾಯಿಯ ಜೊತೆ ಮೂರನೇ ವಯಸ್ಸಿಗೇ ಫ್ರೀಮಾಂಟ್‌ಗೋ ಫ್ರಿಸ್ಕೊಗೋ ಹೋಗಿ, ಅಲ್ಲೇ ಒಂದನೇ ತರಗತಿಯಿಂದ ಓದಿದ ನಮ್ಮ ಎಚ್-4 (ಎಚ್-1ಬಿ ನೌಕರರ ಕುಟುಂಬದ ವೀಸಾ) ಮಕ್ಕಳು ರಾಜ್ಯದವರ ‘ಇನ್-ಸ್ಟೇಟ್’ ದರ, ಹೊರರಾಜ್ಯದವರ ದರ ಈ ಎರಡರ ನಡುವೆ ನಿಂತಿದ್ದಾರೆ. ಯಾವ ಕಡೆಗೆ ಸೇರುತ್ತಾರೆ ಎಂಬುದನ್ನು ವೀಸಾದ ಬಗೆ, ಒಂದೆರಡು ದಿನಾಂಕ ಮತ್ತು ಮನೆಯ ಕಪಾಟಿನಲ್ಲಿರುವ ಕಾಗದಗಳು ನಿರ್ಧರಿಸುತ್ತವೆ. ಕನ್ನಡ ಕೂಟದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಈ ವಿಷಯ ಮಾತಿಗೆ ಬರುವುದು ಮಗ ಹನ್ನೆರಡನೆಯ ತರಗತಿಗೆ ಬಂದ ಮೇಲೆ. ಅಷ್ಟು ಹೊತ್ತಿಗೆ ಹಲವು ಕುಟುಂಬಗಳಿಗೆ ತಡವಾಗಿರುತ್ತದೆ. ಹತ್ತನೆಯ ತರಗತಿಯಲ್ಲೇ ಶುರು ಮಾಡಿ ಎನ್ನುವುದು ನನ್ನ ಸಲಹೆ.

ಮೊದಲು: ನಿಮ್ಮ ವೀಸಾಕ್ಕೆ ಕೇಳುವ ಹಕ್ಕಿದೆಯೇ ನೋಡಿ

ಕರ್ನಾಟಕದಲ್ಲಿ ಸಿಇಟಿ ಬರೆದವರಿಗೆ ಏಳು ವರ್ಷದ ನಿಯಮ ಗೊತ್ತು. ರಾಜ್ಯದ ಶಾಲೆಗಳಲ್ಲಿ ಏಳು ವರ್ಷ ಓದಿದ ದಾಖಲೆ ತೋರಿಸಿದರೆ ಸೀಟಿನ ಅರ್ಹತೆ. ಅಮೆರಿಕದ ರಾಜ್ಯಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೇ ಬೇರೆ: ಈ ರಾಜ್ಯ ನಿಮ್ಮ ಕಾಯಂ ಮನೆಯೇ? ಇದನ್ನು ಡೊಮಿಸೈಲ್ ಎನ್ನುತ್ತಾರೆ. ಅಲ್ಲಿ ವಾಸವಿರಬೇಕು, ಅಲ್ಲೇ ಉಳಿಯುವ ಉದ್ದೇಶವೂ ಇರಬೇಕು.

ವೀಸಾ ಅಡ್ಡ ಬರುವುದು ಈ ‘ಉದ್ದೇಶ’ದ ಹತ್ತಿರವೇ. ಓದಲೆಂದು ಎಫ್-1ರಲ್ಲಿ ಬಂದವರು ತಾಯ್ನಾಡಿನಲ್ಲಿ ಮನೆ ಉಳಿಸಿಕೊಂಡಿದ್ದೇವೆ, ಅದನ್ನು ಬಿಡುವ ಉದ್ದೇಶವಿಲ್ಲ ಎಂಬ ಷರತ್ತಿನ ಮೇಲೇ ಬಂದವರು. ಹೀಗಿರುವಾಗ ಅವರು ಟೆಕ್ಸಸ್ಸನ್ನು ಕಾಯಂ ಮನೆ ಎನ್ನಲು ಸಾಮಾನ್ಯವಾಗಿ ಬರುವುದಿಲ್ಲ. ಪ್ರವಾಸಿ ವೀಸಾ ಬಿ-2ಕ್ಕೂ ವಿನಿಮಯ ವೀಸಾ ಜೆ-1ಕ್ಕೂ ಇದೇ ಗತಿ. ಎಚ್-1ಬಿ ಮತ್ತು ಎಲ್-1 (ಕಂಪನಿಯೊಳಗಿನ ವರ್ಗಾವಣೆಯ ವೀಸಾ) ಇರುವವರಿಗಾದರೋ 1990ರ ವಲಸೆ ಕಾಯ್ದೆಯಿಂದಾಗಿ ಅಲ್ಲೇ ಉಳಿಯುವ ಉದ್ದೇಶ ಅಡ್ಡಿಯಾಗುವುದಿಲ್ಲ. ಹಾಗಾಗಿ ಎಚ್-1ಬಿ, ಎಲ್-1 ನೌಕರರೂ ಎಚ್-4, ಎಲ್-2ರಲ್ಲಿರುವ ಅವರ ಕುಟುಂಬದವರೂ ಕ್ಯಾಲಿಫೋರ್ನಿಯಾ, ಟೆಕ್ಸಸ್‌ನಂಥ ರಾಜ್ಯಗಳಲ್ಲಿ ಡೊಮಿಸೈಲ್ ಸ್ಥಾಪಿಸಬಹುದು.

ಈ ದಾರಿ ತೆರೆದುಕೊಂಡದ್ದು ಹೋರಾಟದಿಂದ. ವಾಷಿಂಗ್ಟನ್‌ನ ಅಂತರರಾಷ್ಟ್ರೀಯ ಬ್ಯಾಂಕುಗಳ ನೌಕರರ ಮಕ್ಕಳು ಜಿ-4 ವೀಸಾದಲ್ಲಿದ್ದರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಅವರಿಗೆ ಇನ್-ಸ್ಟೇಟ್ ದರ ನಿರಾಕರಿಸಿತು. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು, 1982ರಲ್ಲಿ ‘ಟೋಲ್ ವಿರುದ್ಧ ಮೊರೆನೊ’ ತೀರ್ಪಿನಲ್ಲಿ ಗೆದ್ದರು. ಕಾಯಂ ನೆಲೆಸಲು ಕೇಂದ್ರ ಕಾನೂನೇ ಅಡ್ಡಿ ಮಾಡದ ವಲಸಿಗರಿಗೆ, ವೀಸಾದ ಹೆಸರು ನೋಡಿಯೇ ರಾಜ್ಯವೊಂದು ಬಾಗಿಲು ಹಾಕುವಂತಿಲ್ಲ ಎಂಬುದು ಅದರ ಸಾರ. ಕಚೇರಿಯಲ್ಲಿ ಯಾರಾದರೂ ‘ವೀಸಾದವರಿಗೆಲ್ಲ ಹೊರರಾಜ್ಯದ ದರವೇ’ ಎಂದರೆ ಅಲ್ಲಿಗೇ ತಲೆಯಾಡಿಸಿ ಬರಬೇಡಿ.

ಎರಡನೆಯದು: ದಿನಾಂಕ ಹಿಡಿದು ಹಿಂದಕ್ಕೆ ಎಣಿಸಿ

ಬಹುತೇಕ ರಾಜ್ಯಗಳು ಕೇಳುವುದು ಒಂದು ವರ್ಷದ ವಾಸ. ಆ ಒಂದು ವರ್ಷ ಯಾವ ದಿನಕ್ಕೆ ತುಂಬಬೇಕು ಎಂಬುದರಲ್ಲಿ ವ್ಯತ್ಯಾಸವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ನಿವಾಸ ನಿರ್ಣಯದ ದಿನಾಂಕಕ್ಕೆ ಮುಂಚೆ 366 ದಿನ ಬೇಕು. ಟೆಕ್ಸಸ್‌ನಲ್ಲಿ ಸೆಮಿಸ್ಟರಿನ ‘ಸೆನ್ಸಸ್ ಡೇಟ್’ಗೆ (ಸೇರಿದ ವಿದ್ಯಾರ್ಥಿಗಳ ಲೆಕ್ಕ ಹಿಡಿಯುವ ದಿನ) ಮುಂಚಿನ 12 ತಿಂಗಳು, ಸಾಮಾನ್ಯ ಸೆಮಿಸ್ಟರಿನಲ್ಲಿ ಆ ದಿನ ತರಗತಿಗಳ 12ನೆಯ ದಿನ. ನಿಮ್ಮ ರಾಜ್ಯದ ದಿನಾಂಕವನ್ನು ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಕಚೇರಿಯ ಪುಟದಲ್ಲಿ ಹುಡುಕಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ.

ಓದುವ ಮಗುವಿನ ವಿಷಯದಲ್ಲಿ ನೋಡುವುದು ಮುಖ್ಯವಾಗಿ ತಂದೆತಾಯಿಯ ನಿವಾಸವನ್ನು. ಮಗು ಹನ್ನೆರಡು ವರ್ಷ ಅದೇ ಊರಲ್ಲಿ ಓದಿರಬಹುದು. ಆದರೆ ಕೊನೆಯ ವರ್ಷ ಅಪ್ಪನ ಪ್ರಾಜೆಕ್ಟ್ ಬದಲಾಗಿ ಮನೆಮಂದಿಯೆಲ್ಲ ಸ್ಯಾನ್ ಹೋಸೆಯಿಂದ ಆಸ್ಟಿನ್‌ಗೆ ಹೋದರೆ ಕ್ಯಾಲಿಫೋರ್ನಿಯಾದ ನಿವಾಸ ಕೈತಪ್ಪುತ್ತದೆ, ಟೆಕ್ಸಸ್‌ನಲ್ಲಿ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಸಂಬಳ ಸ್ವಲ್ಪ ಏರುವ ಕೆಲಸಕ್ಕಾಗಿ ಮಗಳ ಹನ್ನೊಂದು ಅಥವಾ ಹನ್ನೆರಡನೆಯ ತರಗತಿಯಲ್ಲಿ ರಾಜ್ಯ ಬಿಡುವ ಮೊದಲು, ಆ ಏರಿಕೆಯನ್ನು ನಾಲ್ಕು ವರ್ಷದ ಶುಲ್ಕದ ಜೊತೆ ಇಟ್ಟು ನೋಡಿ. ಬೇಸಿಗೆ ರಜೆಗೆ ಮೈಸೂರಿಗೋ ಶಿವಮೊಗ್ಗಕ್ಕೋ ಬಂದು ಹೋಗುವುದು ತಾತ್ಕಾಲಿಕ ಗೈರು, ಅದಕ್ಕೆ ಹೆದರಬೇಕಿಲ್ಲ.

ಕೆಲಸ ಹೋದ ಕುಟುಂಬಗಳ ಕಷ್ಟ ದೊಡ್ಡದು. ಎಚ್-1ಬಿ ನೌಕರರಿಗೆ ಸಿಗುವುದು ಹೆಚ್ಚೆಂದರೆ 60 ದಿನದ ಅವಕಾಶ. ಆ ಗಡುವಿನಲ್ಲಿ ಬೇರೆ ಕೆಲಸ ಸಿಗದೆ ಬಿ-2ಕ್ಕೆ ಬದಲಾಯಿಸಿಕೊಳ್ಳುವವರಿದ್ದಾರೆ. ಉಳಿಯುವ ದೃಷ್ಟಿಯಿಂದ ಅದು ಅನಿವಾರ್ಯ ಇರಬಹುದು, ಆದರೆ ಬಿ-2ರಲ್ಲಿ ಡೊಮಿಸೈಲ್ ನಿಲ್ಲುವುದಿಲ್ಲ. ಮನೆಯಲ್ಲಿ ಕಾಲೇಜಿಗೆ ಸೇರುವ ಮಗುವಿದ್ದರೆ ಇದನ್ನು ವಕೀಲರಿಗೆ ಮೊದಲೇ ಹೇಳಿ. ಗಂಡ ಹೆಂಡತಿ ಇಬ್ಬರೂ ಎಚ್-1ಬಿ ಪಡೆಯಬಲ್ಲವರಾದರೆ ಒಬ್ಬರ ವೀಸಾ ಬಿದ್ದಾಗ ಇನ್ನೊಬ್ಬರ ವೀಸಾದಡಿ ಮಗುವನ್ನು ತರಬಹುದು.

ಮೂರನೆಯದು: ಕಾಗದ

ಬಾಡಿಗೆ ಕರಾರು ಅಥವಾ ಮನೆಯ ದಾಖಲೆ, ಡಬ್ಲ್ಯು-2 (ಕಂಪನಿ ಕೊಡುವ ವಾರ್ಷಿಕ ಸಂಬಳ-ತೆರಿಗೆ ಪತ್ರ), ರಾಜ್ಯ ಆದಾಯ ತೆರಿಗೆ ರಿಟರ್ನ್ (ಟೆಕ್ಸಸ್‌ನಲ್ಲಿ ಆ ತೆರಿಗೆಯೇ ಇಲ್ಲ, ಅಲ್ಲಿ ಉದ್ಯೋಗದ ದಾಖಲೆ ತೂಕದ್ದು), ಚಾಲನಾ ಪರವಾನಗಿ, ಕಾರಿನ ನೋಂದಣಿ, ಪಾಸ್‌ಪೋರ್ಟ್, ಐ-797 (ವೀಸಾ ಅರ್ಜಿ ಮಂಜೂರಾದ ಸೂಚನಾಪತ್ರ), ಐ-94 (ಎಲ್ಲಿಯವರೆಗೆ ಇರಬಹುದು ಎಂದು ತಿಳಿಸುವ ಪ್ರವೇಶ ದಾಖಲೆ). ಇವುಗಳ ಮೇಲಿನ ದಿನಾಂಕಗಳು ಆ ಒಂದು ವರ್ಷವನ್ನು ಪೂರ್ತಿ ತುಂಬುವಂತಿರಬೇಕು. ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಅದರ ಪ್ರತಿಯನ್ನೂ ಇಡಿ. ಇಲ್ಲೇ ಉಳಿಯುವ ಉದ್ದೇಶಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಐ-94 ವಿಷಯದಲ್ಲಿ ಒಂದು ಮಾತು, ಇದು ನಮ್ಮವರನ್ನು ಮತ್ತೆ ಮತ್ತೆ ಕಾಡುವ ತೊಡಕು. ಭಾರತದಲ್ಲಿ ಅಪ್ರಾಪ್ತರಿಗೆ ಕೊಡುವ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದೇ ವರ್ಷದ್ದು, ದೊಡ್ಡವರದ್ದು ಹತ್ತು ವರ್ಷದ್ದು. ಊರಿಗೆ ಬಂದು ವಾಪಸು ಹೋಗುವಾಗ ವಿಮಾನ ನಿಲ್ದಾಣದ ಅಧಿಕಾರಿ ಐ-94 ಅವಧಿಯನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಸೀಮಿತಗೊಳಿಸಬಹುದು. ಹೀಗಾಗಿ ಅಪ್ಪ ಅಮ್ಮನ ಐ-94 2027ರವರೆಗೆ ಇದ್ದು, ಮಗಳದ್ದು 2026ರ ಮಾರ್ಚಿಗೇ ಮುಗಿದಿರುತ್ತದೆ. ವೀಸಾ ಸ್ಟ್ಯಾಂಪಿನಲ್ಲಿ 2027 ಎಂದೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕಾಲೇಜು ದಾಖಲೆ ಕೇಳಿದ ದಿನ ಅದು ಹೊರಬೀಳುತ್ತದೆ. ಶುಲ್ಕಕ್ಕಿಂತ ದೊಡ್ಡ ಸಂಕಟ ಆಗ ಎದುರು ನಿಲ್ಲುತ್ತದೆ. ಪ್ರತಿ ಸಲ ಅಮೆರಿಕಕ್ಕೆ ಮರಳಿದ ಮೇಲೆ ಮನೆಯ ಪ್ರತಿಯೊಬ್ಬರ ಐ-94 ಅನ್ನೂ ಆನ್‌ಲೈನ್‌ನಲ್ಲಿ ತೆಗೆದು ನೋಡಿ.

ಇನ್ನೊಂದು ಎಚ್ಚರಿಕೆ. ನಿವಾಸದ ಪುರಾವೆಗಳ ಪಟ್ಟಿಯಲ್ಲಿ ಮತದಾರರ ನೋಂದಣಿ ಎಂದೂ ಇರುತ್ತದೆ. ಅದು ಅಮೆರಿಕದ ನಾಗರಿಕರಿಗೆ ಮಾತ್ರ. ಹದಿನೆಂಟು ತುಂಬಿದ ಮಗ ಚಾಲನಾ ಪರವಾನಗಿಗೆ ಹೋದಾಗ ಅಲ್ಲಿನ ಅರ್ಜಿಯಲ್ಲೂ ಈ ಪ್ರಶ್ನೆ ಬರುತ್ತದೆ. ಅರಿಯದೆ ‘ಹೌದು’ ಎಂದು ಗುರುತು ಹಾಕಿದರೂ ಸುಳ್ಳು ಪೌರತ್ವ ಹೇಳಿಕೊಂಡ ಆರೋಪ ಬಂದು, ಮುಂದೆ ಗ್ರೀನ್ ಕಾರ್ಡಿಗೇ ಕುತ್ತಾಗಬಹುದು. ಮಕ್ಕಳನ್ನು ಕೂರಿಸಿಕೊಂಡು ಇದನ್ನು ಬಿಡಿಸಿ ಹೇಳಿ.

ನಾಲ್ಕನೆಯದು: ಅರ್ಜಿ ತುಂಬುವಾಗ

ಪೌರತ್ವದ ಪ್ರಶ್ನೆಗೆ ‘ಭಾರತ’ ಎಂದು ಬರೆದ ತಕ್ಷಣ ಕೆಲವು ಕಾಲೇಜುಗಳಲ್ಲಿ ಅರ್ಜಿ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ವಿಭಾಗಕ್ಕೆ ಹೋಗುತ್ತದೆ. ಅಲ್ಲಿಂದ ಐ-20 (ಎಫ್-1ಕ್ಕೆ ಬೇಕಾದ, ಕಾಲೇಜು ಕೊಡುವ ಪತ್ರ) ಬೇಕು, ಬ್ಯಾಂಕ್ ಬ್ಯಾಲೆನ್ಸ್ ತೋರಿಸಿ ಎಂಬ ಇಮೇಲುಗಳು ಬರಲು ಶುರು. ಅದಕ್ಕೆ ಉತ್ತರವಾಗಿ ಎಫ್-1 ಕಾಗದ ಸಿದ್ಧ ಮಾಡಲು ಹೊರಡಬೇಡಿ. ವೀಸಾದ ಕಾಲಂನಲ್ಲಿ ಎಚ್-4 ಎಂದು ಸ್ಪಷ್ಟವಾಗಿ ತುಂಬಿ, ‘ನಾನು ಎಚ್-4ರಲ್ಲಿದ್ದೇನೆ, ಎಫ್-1 ಕೇಳುತ್ತಿಲ್ಲ, ನನ್ನ ಅರ್ಜಿಯನ್ನು ನಿವಾಸ ನಿರ್ಣಯಕ್ಕೆ ಕಳಿಸಿ’ ಎಂದು ಬರೆಯಿರಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ‘ಸ್ಟೇಟ್‌ಮೆಂಟ್ ಆಫ್ ಲೀಗಲ್ ರೆಸಿಡೆನ್ಸ್’ ಎಂಬ ನಮೂನೆಯಿದೆ. ಟೆಕ್ಸಸ್‌ನಲ್ಲಿ ‘ಕೋರ್ ರೆಸಿಡೆನ್ಸಿ’ ಪ್ರಶ್ನೆಗಳಿವೆ. ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ, ಇಮೇಲಿನಲ್ಲಿ ಉತ್ತರ ತರಿಸಿಕೊಳ್ಳಿ. ನಿರ್ಣಯ ವಿರುದ್ಧ ಬಂದರೆ ಮೇಲ್ಮನವಿಗೆ ಅವಕಾಶವಿರುತ್ತದೆ, ಗಡುವು ಆ ಪತ್ರದಲ್ಲೇ ಇರುತ್ತದೆ.

ಇನ್-ಸ್ಟೇಟ್ ದರ ಸಿಕ್ಕಿತೆಂದು ಕೇಂದ್ರ ಸರ್ಕಾರದ ನೆರವು ಸಿಗುವುದಿಲ್ಲ. ಎಫ್‌ಎಎಫ್‌ಎಸ್‌ಎ ಎಂಬ ಕೇಂದ್ರ ನೆರವಿನ ಅರ್ಜಿಯ ಮೂಲಕ ಸಿಗುವ ಅನುದಾನ, ಸಾಲ ಗ್ರೀನ್ ಕಾರ್ಡ್ ಇದ್ದವರಿಗುಂಟು, ಎಚ್-4ಕ್ಕಿಲ್ಲ.

ಐದನೆಯದು: ಇಪ್ಪತ್ತೊಂದರ ಗಡಿ

ಈ ಮಕ್ಕಳ ಬಗ್ಗೆ ಯೋಚಿಸಿದಾಗ ಮನಸ್ಸು ಭಾರವಾಗುವುದು ಇಲ್ಲೇ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಒಂದು ದೇಶಕ್ಕೆ ಶೇ 7ರ ಮಿತಿ. ಭಾರತೀಯರ ಸರದಿ ದಶಕಗಟ್ಟಲೆ ಉದ್ದ. ಅಪ್ಪನ ಸರದಿ ಬರುವ ಮೊದಲೇ ಮಗಳಿಗೆ 21 ತುಂಬುತ್ತದೆ, ಆ ದಿನಕ್ಕೆ ಎಚ್-4 ಮುಗಿಯುತ್ತದೆ. ಬಾಲ್ಯವೆಲ್ಲ ಅಲ್ಲೇ ಕಳೆದ ಹುಡುಗಿ ಹೊಸದಾಗಿ ಬಂದ ವಿದೇಶಿ ವಿದ್ಯಾರ್ಥಿಯಂತೆ ಎಫ್-1ಕ್ಕೆ ಅರ್ಜಿ ಹಾಕಬೇಕು.

2002ರ ‘ಚೈಲ್ಡ್ ಸ್ಟೇಟಸ್ ಪ್ರೊಟೆಕ್ಷನ್’ ಕಾಯ್ದೆ ಗ್ರೀನ್ ಕಾರ್ಡಿನ ಮಟ್ಟಿಗೆ ಸ್ವಲ್ಪ ಆಸರೆ ಕೊಡುತ್ತದೆ. ಲೆಕ್ಕ ಹೀಗೆ: ಸರದಿ ಬಂದ ದಿನ ಮಗನ ವಯಸ್ಸು 21 ವರ್ಷ 6 ತಿಂಗಳು. ಐ-140 ಅರ್ಜಿ 10 ತಿಂಗಳು ಬಾಕಿಯಿತ್ತು. ಕಳೆದರೆ 20 ವರ್ಷ 8 ತಿಂಗಳು. ಕಾನೂನಿನ ಕಣ್ಣಲ್ಲಿ ಅವನಿನ್ನೂ ಮಗು. ಅದೇ ಐ-140 ಪ್ರೀಮಿಯಂ ಸೇವೆಯಲ್ಲಿ 15 ಕೆಲಸದ ದಿನಗಳಲ್ಲಿ ಮುಗಿದಿದ್ದರೆ ಕಳೆಯಲು ಸಿಗುವುದು ಮೂರು ವಾರ, ಹುಡುಗ ಪಟ್ಟಿಯಿಂದ ಹೊರಗೆ. ಮಕ್ಕಳು ದೊಡ್ಡವರಾಗಿದ್ದರೆ ಪ್ರೀಮಿಯಂ ಶುಲ್ಕ ಕಟ್ಟುವ ಮೊದಲು ಈ ಲೆಕ್ಕ ಹಾಕಿಸಿ. ಸರದಿ ಬಂದ ಮೇಲೆ ಒಂದು ವರ್ಷದೊಳಗೆ ಅರ್ಜಿಯ ಹೆಜ್ಜೆ ಇಡಬೇಕು. 2025ರ ಆಗಸ್ಟ್ 15ರಿಂದ, ಸರದಿಯ ದಿನಾಂಕಗಳನ್ನು ಪ್ರತಿ ತಿಂಗಳು ತಿಳಿಸುವ ವೀಸಾ ಬುಲೆಟಿನ್‌ನ ‘ಫೈನಲ್ ಆ್ಯಕ್ಷನ್’ ಪಟ್ಟಿಯ ದಿನಾಂಕವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಕಾಯ್ದೆ ಎಚ್-4 ಅವಧಿಯನ್ನು ಮಾತ್ರ ಒಂದು ದಿನವೂ ಮುಂದೂಡುವುದಿಲ್ಲ.

ಎಫ್-1ಕ್ಕೆ ಬದಲಾಗುವುದಿದ್ದರೆ ಐ-539 ಅರ್ಜಿ 21 ತುಂಬುವ ಮೊದಲೇ ಸಲ್ಲಿಕೆಯಾಗಿರಬೇಕು. ಬದಲಾದ ಮೇಲೆ ಇನ್-ಸ್ಟೇಟ್ ದರ ಮುಂದುವರಿಯುವುದೇ ಎಂಬುದಕ್ಕೆ ಎಲ್ಲೆಡೆ ಒಂದೇ ಉತ್ತರವಿಲ್ಲ. ಬದಲಾಯಿಸುವ ಮೊದಲು ಲಿಖಿತವಾಗಿ ಕೇಳಿ. ಎಫ್-1ರಿಂದ ಅನುಕೂಲವೂ ಇದೆ. ಎಚ್-4 ಮಕ್ಕಳು ದುಡಿಯುವಂತಿಲ್ಲ, ಸಂಬಳದ ಇಂಟರ್ನ್‌ಶಿಪ್ ಕೂಡ ಇಲ್ಲ. ಎಫ್-1ರಲ್ಲಿ ಪದವಿಯ ನಂತರ 12 ತಿಂಗಳ ಒಪಿಟಿ (ಓದಿದ ಕ್ಷೇತ್ರದಲ್ಲಿ ಕೆಲಸ ಮಾಡುವ ಅನುಮತಿ), ವಿಜ್ಞಾನ ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. 21ರ ತನಕ ಎಚ್-4ರಲ್ಲಿ ಕಡಿಮೆ ಶುಲ್ಕ ಕಟ್ಟಿ, ಆಮೇಲೆ ಬದಲಾಗುವುದು ಹಲವರಿಗೆ ಹೊಂದುವ ದಾರಿ.

ಕ್ಯಾಲಿಫೋರ್ನಿಯಾದ ಎಬಿ 540 ಕಾನೂನಿನ ಹೆಸರು ಕೇಳಿರುತ್ತೀರಿ. 2001ರಲ್ಲಿ ಬಂದ ಇದು, ಅಲ್ಲೇ ಮೂರು ವರ್ಷ ಹೈಸ್ಕೂಲು ಓದಿ ಮುಗಿಸಿದವರಿಗೆ ದಾಖಲೆಯಿಲ್ಲದ ವಲಸಿಗರಾದರೂ ಹೊರರಾಜ್ಯದ ಶುಲ್ಕದಿಂದ ವಿನಾಯಿತಿ ಕೊಡುತ್ತದೆ. ಮಾನವೀಯ ಕಾನೂನು. ಆದರೆ ಎಫ್-1, ಎಚ್-4ನಂಥ ತಾತ್ಕಾಲಿಕ ವೀಸಾದವರನ್ನು ಅದು ಹೊರಗಿಟ್ಟಿದೆ. ಎಚ್-4ರವರಿಗೆ ಡೊಮಿಸೈಲ್ ದಾರಿಯಾದರೂ ಇದೆ. 21 ದಾಟಿ ಎಫ್-1ಕ್ಕೆ ಬಿದ್ದ ಮಗು ಎರಡೂ ಕಡೆಯಿಂದ ಹೊರಗುಳಿಯಬಹುದು, ಇದು ಸರಿಪಡಿಸಬೇಕಾದ ಅನ್ಯಾಯ. ದಾಖಲೆಯಿಲ್ಲದ ವಿದ್ಯಾರ್ಥಿಗಳಿಗೂ ಕಾಲ ಕಠಿಣವಾಗಿದೆ: ಇಂಥ ಕಾನೂನು ಮೊದಲು ತಂದ ಟೆಕ್ಸಸ್‌ನಲ್ಲೇ 2025ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ತಡೆಯಿತು, ಫ್ಲೋರಿಡಾ ಅದೇ ವರ್ಷ ತನ್ನ ವಿನಾಯಿತಿ ರದ್ದು ಮಾಡಿತು.

ಬೆಂಗಳೂರಿನಿಂದ ಎಂ.ಎಸ್.ಗೆ ಹೊರಟವರಿಗೆ

‘ಒಂದು ವರ್ಷ ಅಲ್ಲಿದ್ದರೆ ತಾನಾಗಿಯೇ ಇನ್-ಸ್ಟೇಟ್ ಆಗುತ್ತೆ’ ಎಂಬ ಮಾತು ನಂಬಿ ಶಿಕ್ಷಣ ಸಾಲದ ಮೊತ್ತ ಕಡಿಮೆ ಮಾಡಿಕೊಳ್ಳಬೇಡಿ. ಎಫ್-1ರಲ್ಲಿ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ದಾರಿಯಿದೆ. ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸ್ಪರ್ಧೆಯ ಮೂಲಕ ಕನಿಷ್ಠ 1,000 ಡಾಲರಿನ ವಿದ್ಯಾರ್ಥಿವೇತನ ಗೆದ್ದವರಿಗೆ, ವಿದೇಶಿಯರಾದರೂ, ಆ ಅವಧಿಗೆ ಇನ್-ಸ್ಟೇಟ್ ದರ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಸಂಖ್ಯೆಗೆ ಮಿತಿಯುಂಟು. ಅರ್ಧಾವಧಿ ಬೋಧನಾ ಅಥವಾ ಸಂಶೋಧನಾ ಸಹಾಯಕರಾಗಿ ನೇಮಕವಾದವರಿಗೂ ಅಲ್ಲಿ ಅದೇ ದರ. ಪ್ರವೇಶದ ಅರ್ಜಿ ಹಾಕುವಾಗಲೇ ವಿಭಾಗದ ಸಂಯೋಜಕರಿಗೆ ಬರೆದು, ಯಾವ ವಿದ್ಯಾರ್ಥಿವೇತನಕ್ಕೆ ಈ ಸೌಲಭ್ಯ ಅಂಟಿಕೊಂಡಿದೆ, ಅದರ ಪ್ರತ್ಯೇಕ ಗಡುವು ಯಾವಾಗ ಎಂದು ಕೇಳಿ.