ತಿಂಗಳಗಟ್ಟಲೆ ಹೋಟೆಲ್ ವಾಸವೇ? ದಿನದ ಬಾಡಿಗೆ ತೆರಬೇಡಿ

ಮನೆಯವರ ಚಿಕಿತ್ಸೆ, ಕಚೇರಿಯ ತರಬೇತಿ, ದಿಢೀರ್ ವರ್ಗಾವಣೆ, ಇರುವ ಮನೆಯ ದೊಡ್ಡ ರಿಪೇರಿ. ಕಾರಣ ಯಾವುದೇ ಇರಲಿ, ಹೋಟೆಲ್‌ನಲ್ಲಿ ಒಂದೆರಡು ತಿಂಗಳು ಉಳಿಯಬೇಕಾಗಿ ಬಂದವರ ಮನಸ್ಸು ಬೇರೆಲ್ಲೋ ಇರುತ್ತದೆ. ಚೌಕಾಸಿ ಮಾಡುವಷ್ಟು ತ್ರಾಣ ಆಗ ಯಾರಿಗೂ ಇರುವುದಿಲ್ಲ. ಮೊಬೈಲ್‌ನಲ್ಲಿ ಕಂಡ ದರವನ್ನು 30ರಿಂದ ಗುಣಿಸಿ, ಎದೆ ಧಸಕ್ಕೆಂದರೂ ಹಣ ಕಟ್ಟಿಬಿಡುತ್ತಾರೆ. ಆ ದರ ಒಂದೆರಡು ರಾತ್ರಿ ತಂಗಿ ಹೋಗುವವರಿಗೆ ಇಟ್ಟದ್ದು, ತಿಂಗಳು ಉಳಿಯುವವರಿಗಲ್ಲ.

ಖಾಲಿ ಹೋದ ಒಂದು ರಾತ್ರಿಯನ್ನು ಹೋಟೆಲ್ ಮರುದಿನ ಮಾರಲಾಗದು. ನೀವು ತಿಂಗಳು ಉಳಿದರೆ ಆ ಚಿಂತೆ 30 ರಾತ್ರಿಗೂ ತೀರಿತು. ಹೊಸ ಅತಿಥಿಗಾಗಿ ದಿನವೂ ರೂಮು ಸಜ್ಜು ಮಾಡುವ ಕೆಲಸವಿಲ್ಲ. ನೇರವಾಗಿ ಬಂದಿದ್ದರೆ ಬುಕಿಂಗ್ ಆ್ಯಪ್‌ಗೆ ಕಮಿಷನ್ ಕೊಡಬೇಕಾಗಿಯೂ ಇಲ್ಲ. ಹೀಗೆ ಹೋಟೆಲ್‌ಗೆ ಉಳಿಯುವ ಹಣದಲ್ಲಿ ನಿಮ್ಮ ಪಾಲನ್ನು ನೀವು ಕೇಳುತ್ತಿದ್ದೀರಿ ಅಷ್ಟೇ. ಸಂಕೋಚ ಪಡಬೇಕಾದದ್ದು ಏನೂ ಇಲ್ಲ.

ಮೊದಲು ರಾತ್ರಿಗಳ ಲೆಕ್ಕ

ದೀರ್ಘ ವಾಸದ ಹೋಟೆಲ್‌ಗಳಲ್ಲಿ ದರ ಸಾಮಾನ್ಯವಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ: 7 ರಾತ್ರಿಗೆ ಒಂದು ಇಳಿಕೆ, 30ಕ್ಕೆ ಇನ್ನೊಂದು. ನಿಮಗೆ ಬೇಕಾದದ್ದು 26 ರಾತ್ರಿ ಎಂದುಕೊಳ್ಳಿ. ದಿನದ ದರ 100 ಎಂದು ಹಿಡಿದರೆ, ವಾರದ ಲೆಕ್ಕದಲ್ಲಿ ರಾತ್ರಿಗೆ 85, ತಿಂಗಳ ಲೆಕ್ಕದಲ್ಲಿ 70 ಎನ್ನೋಣ. 26 ರಾತ್ರಿಗೆ ವಾರದ ದರದಲ್ಲಿ 2,210 ಆಗುತ್ತದೆ. ಪೂರ್ತಿ 30 ರಾತ್ರಿಯನ್ನು ತಿಂಗಳ ದರದಲ್ಲಿ ಹಿಡಿದರೆ 2,100! ನಾಲ್ಕು ರಾತ್ರಿ ರೂಮನ್ನು ಖಾಲಿ ಬಿಟ್ಟು ಹೋದರೂ 110 ಉಳಿಯಿತು. ಆದ್ದರಿಂದ ನಿಮ್ಮ ದಿನಗಳು ಮೆಟ್ಟಿಲಿನ ಹತ್ತಿರದಲ್ಲಿದ್ದರೆ ಎರಡೂ ಲೆಕ್ಕವನ್ನು ಕೇಳಿ ಬರೆದುಕೊಳ್ಳಿ.

ಇದರಲ್ಲಿ ಒಂದು ಅಪಾಯವಿದೆ. ತಿಂಗಳ ದರ ಒಪ್ಪಿಕೊಂಡು ನಡುವೆಯೇ ಹೊರಟರೆ, ಕಳೆದ ರಾತ್ರಿಗಳಿಗೆಲ್ಲ ದಿನದ ದರ ಹಾಕುವ ಹೋಟೆಲ್‌ಗಳಿವೆ. ಆಸ್ಪತ್ರೆಯ ಕೆಲಸಕ್ಕೆ ಬಂದವರಿಗೆ ಹೊರಡುವ ದಿನ ಮೊದಲೇ ಗೊತ್ತಿರುವುದಿಲ್ಲ. ಅಂಥವರು ದರಕ್ಕಿಂತ ಮೊದಲು ಈ ಷರತ್ತನ್ನೇ ಕೇಳಬೇಕು.

ಅಡುಗೆಮನೆ ಇರುವ ರೂಮು

1975ರಲ್ಲಿ ಅಮೆರಿಕದ ವಿಚಿಟಾ ನಗರದಲ್ಲಿ ಜಾಕ್ ಡಿಬೋರ್ ಎಂಬ ಉದ್ಯಮಿ ರೆಸಿಡೆನ್ಸ್ ಇನ್ ಎಂಬ ಹೋಟೆಲ್ ತೆರೆದರು. ರೂಮಿನೊಳಗೇ ಅಡುಗೆಮನೆ, ಮನೆಯಂತೆ ಕೂರಲು ಜಾಗ ಇವೇ ಅದರ ವಿಶೇಷ. 1987ರಲ್ಲಿ ಮ್ಯಾರಿಯಟ್ ಸಂಸ್ಥೆ ಅದನ್ನು ಕೊಂಡಿತು. ಇಂದು ಸರ್ವಿಸ್ ಅಪಾರ್ಟ್‌ಮೆಂಟ್ ಮುಂತಾದ ಹೆಸರುಗಳಲ್ಲಿ ಇಂಥ ವ್ಯವಸ್ಥೆ ಬಹಳ ಕಡೆ ಸಿಗುತ್ತದೆ. ಬಾಡಿಗೆ ಒಂದಷ್ಟು ಹೆಚ್ಚಿದ್ದರೂ ಹೆದರಬೇಡಿ. ಬಾಡಿಗೆಯ ಪಕ್ಕದಲ್ಲಿ ಊಟ, ಬಟ್ಟೆ ಒಗೆತ, ಓಡಾಟ, ವಾಹನ ನಿಲುಗಡೆ ಈ ನಾಲ್ಕನ್ನೂ ಬರೆದು ಕೂಡಿಸಿ. ಮೂರು ಹೊತ್ತೂ ಹೊರಗೆ ತಿನ್ನುವ ಖರ್ಚು ಎರಡನೆಯ ವಾರದಿಂದ ಕೈ ಕಚ್ಚತೊಡಗುತ್ತದೆ, ಹೊಟ್ಟೆಯೂ ಕೆಡುತ್ತದೆ. ಒಂದು ಒಲೆ, ಪುಟ್ಟ ಫ್ರಿಜ್, ಎರಡು ಪಾತ್ರೆ ಇದ್ದರೆ ದಿನಕ್ಕೆ ಎರಡು ಊಟವಾದರೂ ನಿಮ್ಮ ಕೈಯಲ್ಲಿರುತ್ತದೆ.

ಕೇಳುವ ಬಗೆ

ಇಡೀ ಉಳಿತಾಯದ ಅರ್ಧ ಇಲ್ಲೇ ಇದೆ ಎಂಬುದು ನನ್ನ ನಂಬಿಕೆ. ರಿಸೆಪ್ಷನ್‌ನಲ್ಲಿ ಕೂತವರಿಗೆ ದೊಡ್ಡ ರಿಯಾಯಿತಿ ಕೊಡುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಅವರೊಡನೆ ವಾದಿಸಿ ಫಲವಿಲ್ಲ. ಮಾರಾಟ ವಿಭಾಗದವರ ಅಥವಾ ಮ್ಯಾನೇಜರ್ ಅವರ ಇಮೇಲ್ ವಿಳಾಸ ಪಡೆಯಿರಿ. ಫೋನ್ ಮಾಡುವುದಾದರೆ ಬೆಳಿಗ್ಗೆ ರೂಮು ಬಿಡುವವರ ಗದ್ದಲ ಮುಗಿದು, ಹೊಸಬರು ಬರುವ ಮುನ್ನ, ಮಧ್ಯಾಹ್ನದ ಹೊತ್ತಿಗೆ ಮಾಡಿ. ಪತ್ರ ಚಿಕ್ಕದಾಗಿರಲಿ:

“ಮುಂದಿನ ತಿಂಗಳು 3ರಿಂದ 32 ರಾತ್ರಿ ಒಬ್ಬರಿಗೆ ರೂಮು ಬೇಕು. ನಿಮ್ಮ ತಿಂಗಳ ದರ ಎಷ್ಟು? ಅದರಲ್ಲಿ ತೆರಿಗೆ, ಉಪಾಹಾರ, ವೈಫೈ, ವಾಹನ ನಿಲುಗಡೆ ಸೇರಿದೆಯೇ? ವಾರಕ್ಕೊಮ್ಮೆ ರೂಮು ಸ್ವಚ್ಛ ಮಾಡಿದರೆ ಸಾಕು. ಬೇಗ ಹೊರಡಬೇಕಾಗಿ ಬಂದರೆ ಎಷ್ಟು ದಿನ ಮೊದಲು ತಿಳಿಸಬೇಕು?”

ಇದನ್ನೇ ಮೂರು ಹೋಟೆಲ್‌ಗಳಿಗೆ ಕಳುಹಿಸಿ. ಬಂದ ಉತ್ತರಗಳಲ್ಲಿ ಕಡಿಮೆಯದ್ದನ್ನು ನಿಮಗೆ ಇಷ್ಟವಾದ ಹೋಟೆಲ್‌ನವರ ಮುಂದಿಟ್ಟು, “ಇದಕ್ಕೆ ಹತ್ತಿರ ಬರಲು ಸಾಧ್ಯವೇ?” ಎಂದು ವಿನಯದಿಂದ ಕೇಳಿ. ಸುಳ್ಳು ದರ ಹೇಳಬೇಡಿ. ತಿಂಗಳಿಡೀ ಅವರ ಮುಖ ನೋಡಿಕೊಂಡು ಇರಬೇಕಾದವರು ನೀವು. ದರ ಇಳಿಸಲು ಒಪ್ಪದಿದ್ದರೆ ಉಪಾಹಾರ, ಬಟ್ಟೆ ಒಗೆಯುವ ಯಂತ್ರದ ಬಳಕೆ, ಲಿಫ್ಟಿನ ಸದ್ದಿನಿಂದ ದೂರದ ರೂಮು ಕೇಳಿ. ಇವನ್ನು ಕೊಡಲು ಅವರಿಗೆ ಅಷ್ಟು ಕಷ್ಟವಾಗದು. ಒಪ್ಪಿದ್ದೆಲ್ಲ ಬರಹದಲ್ಲಿರಲಿ.

ಕಣ್ಣಾರೆ ನೋಡದ ರೂಮಿಗೆ ತಿಂಗಳ ಹಣವನ್ನು ಒಟ್ಟಿಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಮೊದಲು ಎರಡು ರಾತ್ರಿಗೆ ಮಾತ್ರ ಕಾಯ್ದಿರಿಸಿ. ನೀರು ಬಿಸಿ ಬರುತ್ತದೆಯೇ, ರಾತ್ರಿ ನಿದ್ದೆ ಬರುತ್ತದೆಯೇ ನೋಡಿ, ಆಮೇಲೆ ಮ್ಯಾನೇಜರ್ ಎದುರು ಕೂತು ಮಾತಾಡಿ. ಉಳಿದರೆ ಈ ಎರಡು ರಾತ್ರಿಗೂ ತಿಂಗಳ ದರವನ್ನೇ ಹಾಕುವಿರಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ತೆರಿಗೆ ಮತ್ತು 30ನೆಯ ದಿನ

ಹೆಚ್ಚಿನವರಿಗೆ ಗೊತ್ತಿಲ್ಲದ ಉಳಿತಾಯವಿದು. ಹೋಟೆಲ್ ತೆರಿಗೆ ಅಲ್ಪ ಕಾಲ ತಂಗುವವರ ಮೇಲೆ ಹಾಕಿದ್ದು ಎಂಬ ಕಾರಣಕ್ಕೆ ಕೆಲವು ಕಡೆ ದೀರ್ಘ ವಾಸಕ್ಕೆ ವಿನಾಯಿತಿ ಇದೆ. ಬ್ರಿಟನ್ನಿನಲ್ಲಿ ಸತತ ವಾಸದ 29ನೆಯ ದಿನದಿಂದ ವ್ಯಾಟ್ ಲೆಕ್ಕ ಹಾಕುವ ಮೊತ್ತವೇ ಕಡಿಮೆಯಾಗುತ್ತದೆ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 30 ದಿನ ಸತತವಾಗಿ ಉಳಿಯುತ್ತೇನೆಂದು ಬರಹದಲ್ಲಿ ಮೊದಲೇ ತಿಳಿಸಿದರೆ ಆರಂಭದಿಂದಲೇ ಹೋಟೆಲ್ ತೆರಿಗೆ ಇಲ್ಲ. ತಿಳಿಸದವರಿಗೆ ಮೊದಲ 30 ದಿನ ತೆರಿಗೆ ತಪ್ಪದು. ಒಂದು ಚೀಟಿ ಬರೆದುಕೊಡದ ತಪ್ಪಿಗೆ ಒಂದು ತಿಂಗಳ ತೆರಿಗೆ! ನೀವು ಹೋಗುವ ಕಡೆಯ ನಿಯಮ ಏನೆಂದು ಹೋಟೆಲ್‌ನವರನ್ನೇ ಕೇಳಿ. ನಡುವೆ ಒಂದು ರಾತ್ರಿ ಬಿಟ್ಟುಹೋದರೆ ‘ಸತತ’ ಎಂಬುದು ಮುರಿಯಬಹುದು, ಜೋಪಾನ.

ಆದರೆ ಅದೇ 30 ದಿನ ಇನ್ನೊಂದು ಕಡೆಯಿಂದ ಅಡ್ಡ ಬರುವುದುಂಟು. ಅಷ್ಟು ದಿನ ಉಳಿದವರಿಗೆ ಕಾನೂನಿನಲ್ಲಿ ಬಾಡಿಗೆದಾರರ ಹಕ್ಕು ಸಿಗುವ ಊರುಗಳಲ್ಲಿ ಕೆಲವು ಹೋಟೆಲ್‌ಗಳು 28ನೆಯ ದಿನಕ್ಕೇ ರೂಮು ಬಿಡಿಸಿ ಮತ್ತೆ ಹೊಸದಾಗಿ ನೋಂದಾಯಿಸುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಜನ ಮನೆಯಂತೆ ನೆಲೆಸುವ ಹೋಟೆಲ್‌ಗಳು ಹೀಗೆ ಮಾಡುವುದನ್ನು ಕಾನೂನೇ ನಿಷೇಧಿಸಿದೆ. ಗರಿಷ್ಠ ಎಷ್ಟು ದಿನ ಇರಬಹುದು ಎಂದು ಮೊದಲೇ ಕೇಳಿದರೆ ನಡುವಿನಲ್ಲಿ ಪೆಟ್ಟಿಗೆ ಕಟ್ಟುವ ಪಾಡು ತಪ್ಪುತ್ತದೆ.

ದಿನನಿತ್ಯದ ಸೋರಿಕೆ

ಒಮ್ಮೆ ಆರು ವಾರ ಹೋಟೆಲ್ ವಾಸ ಮಾಡಿದಾಗ ನನ್ನ ಹಣ ಹೆಚ್ಚು ಸೋರಿದ್ದು ಬಟ್ಟೆಯ ಚೀಲದಿಂದ. ಹೋಟೆಲ್‌ನವರು ಒಗೆತಕ್ಕೆ ಬಟ್ಟೆಯ ಲೆಕ್ಕದಲ್ಲಿ ದರ ಹಾಕುತ್ತಿದ್ದರು. ಒಂದು ಜೊತೆ ಕಾಲುಚೀಲಕ್ಕೂ ಬೇರೆ ಸಾಲು. ಮೂರನೆಯ ವಾರ ಬುದ್ಧಿ ಬಂತು. ಒಗೆದ ಅಂಗಿಯನ್ನು ಹಿಂಡಿ, ಒಣ ಟವೆಲ್ ಮೇಲೆ ಹರಡಿ, ಎರಡನ್ನೂ ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ, ಮೇಲೆ ಮೊಣಕಾಲೂರಿ ಒತ್ತುತ್ತಿದ್ದೆ. ನೀರೆಲ್ಲ ಟವೆಲ್‌ಗೆ ಇಳಿದು, ರಾತ್ರಿ ಹ್ಯಾಂಗರ್‌ಗೆ ಹಾಕಿದ ಅಂಗಿ ಬೆಳಿಗ್ಗೆ ಉಡಲು ಸಿದ್ಧವಿರುತ್ತಿತ್ತು. ದಪ್ಪ ಬಟ್ಟೆಗಳನ್ನು ಮಾತ್ರ ವಾರಕ್ಕೊಮ್ಮೆ ಹೊರಗಿನ ಒಗೆತದ ಅಂಗಡಿಗೆ ಕೊಟ್ಟೆ.

ಹೋಟೆಲ್ ಸರಣಿಗಳ ಸದಸ್ಯತ್ವ ಉಚಿತ. ಮೊದಲ ದಿನವೇ ಪಡೆಯಿರಿ. ಉಳಿದ ರಾತ್ರಿಗಳಿಗೆ ಸದಸ್ಯರ ಖಾತೆಗೆ ಪಾಯಿಂಟ್ ಸೇರುತ್ತದೆ, ಮುಂದೆ ಅದನ್ನು ಹಣದ ಬದಲು ಕೊಟ್ಟು ರೂಮು ಪಡೆಯಬಹುದು. ಬುಕಿಂಗ್ ಆ್ಯಪ್ ಮೂಲಕ ಹೋದರೆ ಈ ಪಾಯಿಂಟ್ ಸಾಮಾನ್ಯವಾಗಿ ಸಿಗುವುದಿಲ್ಲ. ಮ್ಯಾರಿಯಟ್‌ನಲ್ಲಿ ಪಾಯಿಂಟ್ ಕೊಟ್ಟು ಸತತ 5 ರಾತ್ರಿ ಕಾಯ್ದಿರಿಸಿದರೆ 4 ರಾತ್ರಿಯ ಪಾಯಿಂಟ್ ಸಾಕು. ವಿದೇಶದಲ್ಲಿ ಕಾರ್ಡ್ ಉಜ್ಜುವಾಗ “ನಿಮ್ಮ ದೇಶದ ಹಣದಲ್ಲಿ ಪಾವತಿಸುವಿರಾ?” ಎಂದು ಯಂತ್ರ ಕೇಳಿದರೆ ಬೇಡವೆನ್ನಿ. ಅಲ್ಲಿನ ಹಣದಲ್ಲೇ ಕೊಡುವುದು ಸಾಮಾನ್ಯವಾಗಿ ಅಗ್ಗ.

ಬಿಲ್ಲನ್ನು ಕೊನೆಯ ದಿನಕ್ಕೆ ಬಿಡಬೇಡಿ. ವಾರಕ್ಕೊಮ್ಮೆ ಅದರ ಪ್ರತಿ ಕೇಳಿ ಪಡೆದು, ಒಪ್ಪಂದದ ಇಮೇಲ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ. ದರ ದಿನದ ಲೆಕ್ಕಕ್ಕೆ ಜಾರಿದೆಯೇ, ನೀವು ಕುಡಿಯದ ನೀರಿನ ಬಾಟಲಿ ಸೇರಿದೆಯೇ, ತೆರಿಗೆ ವಿನಾಯಿತಿ ಹಾಕಿದ್ದಾರೆಯೇ? ಏಳು ದಿನದ ತಪ್ಪನ್ನು ಎರಡು ನಿಮಿಷದಲ್ಲಿ ಸರಿಪಡಿಸುತ್ತಾರೆ. ಎರಡು ತಿಂಗಳ ತಪ್ಪನ್ನು, ಕೈಯಲ್ಲಿ ಪೆಟ್ಟಿಗೆ ಹಿಡಿದು ನಿಂತಾಗ, ಯಾರು ಕೆದಕುತ್ತಾರೆ? ಹೊರಡುವ ಹಿಂದಿನ ರಾತ್ರಿ ಕೊನೆಯ ಬಿಲ್ ನೋಡಿ. ಕಾರ್ಡಿನಲ್ಲಿ ತಡೆಹಿಡಿದ ಠೇವಣಿ ಯಾವಾಗ ಬಿಡುಗಡೆಯಾಗುತ್ತದೆ ಎಂದು ಕೇಳಿ, ಆ ದಿನಾಂಕವನ್ನು ಬಿಲ್ಲಿನ ಮೂಲೆಯಲ್ಲೇ ಬರೆಸಿಕೊಳ್ಳಿ.