ಕೊಯ್ದು ನೋಡಿ ತಿಳಿಯಿರಿ: ಫಲ ಮತ್ತು ಬೀಜಗಳ ಬಗೆ ಗುರುತಿಸುವ ಕ್ರಮ

ಅಡುಗೆಮನೆಯಲ್ಲಿ ತರಕಾರಿ, ಹಣ್ಣು, ಕಾಳು ಎಂದು ವಿಂಗಡಿಸುವುದು ರುಚಿ ಮತ್ತು ಬಳಕೆ ನೋಡಿ. ಸಸ್ಯಶಾಸ್ತ್ರಕ್ಕೆ ಈ ಲೆಕ್ಕ ಬೇಡ. ಹೂವಿನ ಅಂಡಾಶಯ ಬಲಿತರೆ ಫಲ, ಅದರೊಳಗಿನ ಅಂಡಕ ಬಲಿತರೆ ಬೀಜ. ಹಾಗಾಗಿ ಬದನೆ, ಬೆಂಡೆ, ಮೆಣಸಿನಕಾಯಿ ಎಲ್ಲವೂ ಫಲಗಳೇ. ಜೋಳದ ಕಾಳು, ಕೊತ್ತಂಬರಿ ‘ಬೀಜ’, ಸಿಪ್ಪೆ ಸಮೇತವಾದ ಸೂರ್ಯಕಾಂತಿ ‘ಬೀಜ’ ಕೂಡ ಇಡಿಯಾದ ಫಲಗಳು. ಕೈಯಲ್ಲಿರುವ ವಸ್ತು ಯಾವ ಬಗೆಯದು ಎಂದು ನಿರ್ಧರಿಸಲು ಹೆಸರುಗಳ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಸರಿಯಾದ ಜಾಗದಲ್ಲಿ ಎರಡು ಕೊಯ್ತ ಹಾಕಿ, ನಾಲ್ಕೈದು ಪ್ರಶ್ನೆ ಕೇಳಿದರೆ ಸಾಕು.

ಬೇಕಾದವು

ತೆಳು ಅಲಗಿನ ಚೂಪು ಚಾಕು, ಸಣ್ಣ ಬೀಜಗಳಿಗೆ ಬ್ಲೇಡ್, ಒಂದು ಸೂಜಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಬಿಳಿ ತಟ್ಟೆ, ಹೀರುಕಾಗದ. ಪಿಷ್ಟ ಪರೀಕ್ಷೆಗೆ ಅಯೋಡಿನ್ ದ್ರಾವಣವನ್ನು ತಿಳಿ ಕಂದು ಬಣ್ಣ ಬರುವಷ್ಟು ನೀರು ಬೆರೆಸಿ ಇಟ್ಟುಕೊಳ್ಳಿ. ಮೊಂಡು ಚಾಕು ಬಳಸಿದರೆ ಟೊಮೆಟೊದಂಥ ಹಣ್ಣಿನ ಕೋಣೆಗಳು ಜಜ್ಜಿಹೋಗಿ ಎಷ್ಟಿವೆ ಎಂದೇ ಗೊತ್ತಾಗುವುದಿಲ್ಲ.

ಪ್ರತಿ ಬಗೆಯಲ್ಲೂ ಕನಿಷ್ಠ ಎರಡು ಫಲ ತೆಗೆದುಕೊಳ್ಳಿ. ಒಂದನ್ನು ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೆ, ಇನ್ನೊಂದನ್ನು ನಡುವಿಗೆ ಅಡ್ಡಕ್ಕೆ ಕೊಯ್ಯಿರಿ. ಕೋಣೆಗಳ ಸಂಖ್ಯೆ ಮತ್ತು ಬೀಜಗಳು ಅಂಟಿಕೊಂಡ ಜಾಗ ಅಡ್ಡಕೊಯ್ತದಲ್ಲಿ ಕಾಣುತ್ತವೆ. ತೊಟ್ಟು, ಹೂವಿನ ಉಳಿಕೆ ಮತ್ತು ತಿರುಳಿನ ಸಂಬಂಧ ಉದ್ದಕೊಯ್ತದಲ್ಲಿ ಕಾಣುತ್ತದೆ. ಒಂದೇ ಕೊಯ್ತದಿಂದ ತೀರ್ಮಾನಕ್ಕೆ ಬಂದವರೇ ಹೆಚ್ಚು ಎಡವುತ್ತಾರೆ. ಜೊತೆಗೆ, ಸಿಕ್ಕರೆ ಅದೇ ಗಿಡದ ಹೂವು ಮತ್ತು ಎಳೆಗಾಯಿಯನ್ನೂ ಪಕ್ಕದಲ್ಲಿಡಿ. ಮಾಗಿದ ಹಣ್ಣಿನಲ್ಲಿ ಅಳಿಸಿಹೋದದ್ದು ಎಳೆಗಾಯಿಯಲ್ಲಿ ಸ್ಪಷ್ಟವಾಗಿರುತ್ತದೆ.

ಎಚ್ಚರ ಬೇಕಾದ ಮೂರು ಗಿಡಗಳಿವೆ. ಹಸಿ ಗೋಡಂಬಿಯ ಚಿಪ್ಪಿನೊಳಗಿನ ಎಣ್ಣೆ ಚರ್ಮವನ್ನು ಸುಡುತ್ತದೆ, ಅದನ್ನು ಕೊಯ್ಯಬೇಡಿ. ಹರಳಿನ ಬೀಜದಲ್ಲಿ ರೈಸಿನ್ ಎಂಬ ಕಡುವಿಷವಿದೆ; ಕೈಗವಸು ಹಾಕಿಕೊಂಡೇ ಮುಟ್ಟಿ, ಬಾಯಿಗಂತೂ ಬೇಡ. ಎಕ್ಕದ ಹಾಲು ಕಣ್ಣಿಗೆ ಹಾನಿಕರ.

ಮೊದಲು ಹೂವಿನ ಉಳಿಕೆ ಹುಡುಕಿ

ಚಾಕು ಹಚ್ಚುವ ಮೊದಲೇ ಹಣ್ಣನ್ನು ತಿರುಗಿಸಿ ನೋಡಿ. ಪುಷ್ಪಪತ್ರಗಳು, ಅಂದರೆ ಹೂವಿನ ಹೊರಸುತ್ತಿನ ಎಲೆಯಂಥ ಭಾಗಗಳು, ಎಲ್ಲಿವೆ? ಬದನೆ, ಟೊಮೆಟೊದಲ್ಲಿ ಅವು ತೊಟ್ಟಿನ ಕಡೆಗೇ ಇರುತ್ತವೆ. ಅಂದರೆ ಅಂಡಾಶಯ ಹೂವಿನ ಉಳಿದ ಭಾಗಗಳಿಗಿಂತ ಮೇಲೆ ಇತ್ತು. ಸೀಬೆ, ದಾಳಿಂಬೆ, ಸೇಬಿನಲ್ಲಿ ಅವು ತೊಟ್ಟಿನ ಎದುರು ತುದಿಯಲ್ಲಿ ಕಿರೀಟದಂತೆಯೋ ಸುರುಟಿದ ಚೂರಾಗಿಯೋ ಉಳಿದಿರುತ್ತವೆ, ಅಂಡಾಶಯ ಕೆಳಗಿತ್ತು. ಎಳೆ ಸೌತೆಯ ತುದಿಯಲ್ಲಿ ಒಣಗಿದ ಹೂವು ಅಂಟಿಕೊಂಡಿರುವುದಕ್ಕೂ ಇದೇ ಕಾರಣ. ಇಷ್ಟು ಪುಟ್ಟ ಗುರುತು ಅರ್ಧ ಕೆಲಸ ಮುಗಿಸಿಕೊಡುತ್ತದೆ: ಅಂಡಾಶಯ ಕೆಳಗಿದ್ದಾಗ ಅದನ್ನು ಸುತ್ತಿದ ಬೇರೆ ಅಂಗಾಂಶವೂ ಹಣ್ಣಿನಲ್ಲಿ ಸೇರಿರುತ್ತದೆ.

ಸೇಬನ್ನು ಅಡ್ಡಕ್ಕೆ ಕೊಯ್ದರೆ ನಡುವೆ ಐದು ಕೋಣೆಗಳ ನಕ್ಷತ್ರ ಕಾಣುತ್ತದೆ. ಅದರ ಹೊರಗಿನ, ನಾವು ತಿನ್ನುವ ದಪ್ಪ ತಿರುಳು ಬಹುಪಾಲು ಅಂಡಾಶಯದಿಂದ ಬಂದದ್ದಲ್ಲ, ಹೂವಿನ ಬುಡದ ಬಟ್ಟಲು ಉಬ್ಬಿದ್ದು. ಹೀಗೆ ಅಂಡಾಶಯವಲ್ಲದ ಭಾಗ ತಿರುಳಾದರೆ ಅದು ಹುಸಿಹಣ್ಣು. ಗೋಡಂಬಿಯಲ್ಲಿ ರಸಭರಿತ ‘ಹಣ್ಣು’ ಉಬ್ಬಿದ ತೊಟ್ಟು, ಅದರ ತುದಿಗೆ ತೂಗುವ ಬೀಜದಂಥದ್ದು ನಿಜವಾದ ಫಲ. ಸ್ಟ್ರಾಬೆರಿಯ ಮೈಮೇಲಿನ ಪುಟ್ಟ ಕಾಳುಗಳನ್ನು ಸೂಜಿಯಿಂದ ಎತ್ತಿ ಮಸೂರದಲ್ಲಿ ನೋಡಿ: ಒಂದೊಂದೂ ಒಂದೊಂದು ಒಣಫಲ, ಕೆಲವಕ್ಕೆ ಶಲಾಕೆಯ (ಅಂಡಾಶಯದ ಮೇಲಿನ ಸಣ್ಣ ಕಡ್ಡಿಯ) ಎಳೆಯೂ ಅಂಟಿರುತ್ತದೆ. ಕೆಂಪು ತಿರುಳು ಬರೀ ಹೂಪೀಠ, ಅಂದರೆ ಹೂವಿನ ಭಾಗಗಳು ಕೂರುವ ಬುಡ.

ಒಂದು ಹೂವೇ, ಹಲವೇ?

ಒಂದು ಹೂವಿನ ಒಂದೇ ಅಂಡಾಶಯದಿಂದ ಬಂದದ್ದು ಸರಳ ಫಲ. ಒಂದೇ ಹೂವಿನಲ್ಲಿ ಬಿಡಿಬಿಡಿಯಾಗಿದ್ದ ಅನೇಕ ಅಂಡಾಶಯಗಳು ಒಟ್ಟಾದರೆ ಪುಂಜಫಲ. ಸೀತಾಫಲದ ಒಂದೊಂದು ಉಬ್ಬು ಒಂದೊಂದು ಅಂಡಾಶಯದ ಗುರುತು. ಇಡೀ ಹೂಗೊಂಚಲೇ ಒಂದು ಹಣ್ಣಾದರೆ ಸಂಯುಕ್ತ ಫಲ. ಅನಾನಸ್, ಹಲಸು, ಹಿಪ್ಪುನೇರಳೆ, ಅಂಜೂರ ಈ ಗುಂಪಿನವು.

ಹಲಸನ್ನು ಉದ್ದಕ್ಕೆ ಸೀಳಿದರೆ ನಡುವಿನ ದಿಂಡು ಹೂಗೊಂಚಲಿನ ಅಕ್ಷ. ಒಂದೊಂದು ತೊಳೆ ಒಂದೊಂದು ಹೂವಿನದು, ತಿರುಳು ಆ ಹೂವಿನ ಹೊರಕವಚ ಉಬ್ಬಿದ್ದು. ತೊಳೆಗಳ ನಡುವೆ ಒತ್ತಿಕೊಂಡ ನಾರುಪಟ್ಟಿಗಳು ಫಲಗಟ್ಟದೆ ಉಳಿದ ಹೂವುಗಳು. ಅಂಜೂರದಲ್ಲಿ ಹೂಗೊಂಚಲು ಒಳಮುಖವಾಗಿ ಮಡಚಿಕೊಂಡಿರುತ್ತದೆ, ಆದ್ದರಿಂದ ಹಲ್ಲಿಗೆ ಸಿಗುವ ಕಾಳುಗಳೇ ಅದರ ನಿಜ ಫಲಗಳು. ಪುಂಜ ಮತ್ತು ಸಂಯುಕ್ತ ಫಲಗಳನ್ನು ಅದಲುಬದಲು ಮಾಡುವುದು ಬಹಳ ಸಾಮಾನ್ಯ. ಮಾಗಿದ ಹಣ್ಣು ಮಾತ್ರ ನೋಡಿದರೆ ಸೀತಾಫಲ ಮತ್ತು ಅನಾನಸ್ ಒಂದೇ ರೀತಿ ತೋರುತ್ತವೆ. ಹೂವು ನೋಡಿದರೆ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ರಸಫಲವಾದರೆ

ಮಾಗಿದಾಗಲೂ ಗೋಡೆ ಮೆತ್ತಗೆ, ನೀರು ತುಂಬಿಕೊಂಡು ಇದ್ದರೆ ರಸಫಲ. ಇಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ: ಬೀಜದ ಸುತ್ತ ಗಟ್ಟಿ ಗೊರಟು ಇದೆಯೇ? ಇದ್ದರೆ ಅಷ್ಟಿಫಲ, ಇಲ್ಲದಿದ್ದರೆ ಬೆರ್ರಿ. ಮಾವಿನಲ್ಲಿ ಹೊರಸಿಪ್ಪೆ, ತಿರುಳು, ಗೊರಟು ಈ ಮೂರೂ ಅಂಡಾಶಯದ ಗೋಡೆಯ ಪದರಗಳು. ಬೀಜ ಗೊರಟಿನ ಒಳಗೆ ಬೇರೆಯೇ ಇದೆ. ತೆಂಗು ಕೂಡ ಅಷ್ಟಿಫಲವೇ. ನಡುಪದರ ನಾರಾಗಿದೆ, ಒಳಪದರ ಕರಟವಾಗಿದೆ. ಕರಟದ ಮೂರು ಕಣ್ಣುಗಳಲ್ಲಿ ಒಂದನ್ನು ಮಾತ್ರ ಸುಲಭವಾಗಿ ಚುಚ್ಚಬಹುದು. ಭ್ರೂಣ ಇರುವುದು ಅದರ ಹಿಂದೆ. ಕೊಬ್ಬರಿ ಮತ್ತು ನೀರು ಭ್ರೂಣದ ಆಹಾರ, ಅಂದರೆ ಎಂಡೋಸ್ಪರ್ಮ್.

ಖರ್ಜೂರ ಇಲ್ಲಿ ಎಲ್ಲರನ್ನೂ ಮೋಸಗೊಳಿಸುತ್ತದೆ. ಗಟ್ಟಿ ಗೊರಟಿದೆ, ಆದರೆ ಅಷ್ಟಿಫಲವಲ್ಲ. ಪರೀಕ್ಷೆ ಸುಲಭ: ಗೊರಟನ್ನು ಒಡೆಯಿರಿ. ಒಳಗೆ ತನ್ನದೇ ತೆಳುಸಿಪ್ಪೆಯ ಬೀಜ ಬಿಡಿಯಾಗಿ ಸಿಕ್ಕರೆ ಒಡೆದದ್ದು ಫಲದ ಒಳಪದರ. ಖರ್ಜೂರದಲ್ಲಿ ಒಳಗೇನೂ ಬಿಡಿಯಾಗಿ ಸಿಗದು, ಇಡೀ ಗೊರಟೇ ಬೀಜ, ಅದರ ಗಡಸು ಭಾಗ ಎಂಡೋಸ್ಪರ್ಮ್. ಸೀಳುಗೆರೆಯ ಎದುರು ಬದಿಯ ನಡುವಿನ ಪುಟ್ಟ ದುಂಡು ಗುರುತಿನ ಕೆಳಗೆ ಭ್ರೂಣವಿದೆ. ಆದ್ದರಿಂದ ಖರ್ಜೂರ ಒಂದೇ ಬೀಜದ ಬೆರ್ರಿ.

ಬೆರ್ರಿಗಳಲ್ಲಿ ಬೀಜ ಎಲ್ಲಿ ಅಂಟಿದೆ ನೋಡಿ. ಟೊಮೆಟೊದಲ್ಲಿ ನಡುಗಂಬಕ್ಕೆ; ಪಪ್ಪಾಯಿಯಲ್ಲಿ ಒಂದೇ ಕೋಣೆ, ಬೀಜಗಳು ಗೋಡೆಗೆ. ಕಿತ್ತಳೆ, ನಿಂಬೆ ವಿಶೇಷ ಬೆರ್ರಿಗಳು: ಎಣ್ಣೆಗ್ರಂಥಿಯ ಹೊರಸಿಪ್ಪೆ, ಬಿಳಿ ಸ್ಪಂಜಿನ ನಡುಪದರ, ತೊಳೆಯ ಪೊರೆಯಾದ ಒಳಪದರ. ರಸ ತುಂಬಿದ ಎಸಳುಗಳು ಆ ಒಳಪದರದಿಂದ ಬೆಳೆದ ರೋಮಗಳು. ದಾಳಿಂಬೆಯಲ್ಲಿ ತಿನ್ನುವುದು ಬೀಜದ ಹೊರಸಿಪ್ಪೆ, ಅದು ಫಲದ ಗೋಡೆಯೇ ಅಲ್ಲ. ಬಾಳೆಯನ್ನು ಅಡ್ಡ ಕೊಯ್ದಾಗ ಕಾಣುವ ಕಪ್ಪು ಚುಕ್ಕೆಗಳು ಬೀಜವಾಗದ ಅಂಡಕಗಳು.

ಒಣಫಲವಾದರೆ

ಇಲ್ಲಿ ಅವಸರ ಮಾಡಬೇಡಿ. ಎಳೆ ಬೆಂಡೆಯನ್ನು ಕೊಯ್ದವರು ಅದನ್ನು ರಸಫಲ ಎಂದು ಬರೆದುಬಿಡುತ್ತಾರೆ. ಗಿಡದಲ್ಲೇ ಪೂರ್ತಿ ಒಣಗಲು ಬಿಡಿ. ಐದು ಹೋಳಾಗಿ ಬಿರಿಯುತ್ತದೆ, ಆಗ ಅದು ಸಂಪುಟಫಲ, ಅಂದರೆ ಒಣಗಿ ಹಲವು ಹೋಳಾಗಿ ಬಿರಿಯುವ ಫಲ, ಎಂದು ತಾನೇ ಹೇಳುತ್ತದೆ. ಹತ್ತಿಯದೂ ಇದೇ ಬಗೆ.

ಬಿರಿಯುವ ಫಲದಲ್ಲಿ ಎಷ್ಟು ಗೆರೆಗಳಲ್ಲಿ ಬಿರಿಯಿತು ಎಂದು ಎಣಿಸಿ. ಎಕ್ಕ ಒಂದೇ ಗೆರೆಯಲ್ಲಿ ಬಿರಿಯುತ್ತದೆ. ಬಟಾಣಿ ಎರಡೂ ಅಂಚುಗಳಲ್ಲಿ, ಬೀಜಗಳು ಮಾತ್ರ ಒಂದೇ ಅಂಚಿನುದ್ದಕ್ಕೆ ಅಂಟಿರುತ್ತವೆ. ಸಾಸಿವೆ ಕಾಯಿಯೂ ಎರಡು ಹೋಳಾಗುತ್ತದೆ, ಆದರೆ ಹೋಳುಗಳು ಬುಡದಿಂದ ಮೇಲಕ್ಕೆ ಕಳಚಿ, ನಡುವೆ ತೆಳುಪೊರೆಯ ಚೌಕಟ್ಟು ಬೀಜ ಸಮೇತ ಉಳಿಯುತ್ತದೆ. ಆ ಪೊರೆ ಇಲ್ಲದ್ದನ್ನು ಸಾಸಿವೆಯ ಬಗೆಗೆ ಸೇರಿಸಬೇಡಿ. ಇನ್ನು ನುಗ್ಗೆ: ಉದ್ದ ಕೋಲಿನ ಆಕಾರ ನೋಡಿ ಅದನ್ನು ಅವರೆ, ಬಟಾಣಿಗಳ ಸಾಲಿಗೆ ಹಾಕುವುದು ರೂಢಿಯ ತಪ್ಪು. ಒಣಗಿದ ನುಗ್ಗೆ ಮೂರು ಹೋಳಾಗುತ್ತದೆ. ಆಕಾರಕ್ಕೆ ಬೆಲೆಯಿಲ್ಲ, ಹೋಳು ಎಣಿಸಿ.

ಬಿರಿಯದ ಒಣಫಲಗಳಲ್ಲಿ ಸಿಪ್ಪೆ ಮತ್ತು ಬೀಜದ ನಂಟು ನೋಡಬೇಕು. ಸೂರ್ಯಕಾಂತಿಯಲ್ಲಿ ಕಪ್ಪು ಸಿಪ್ಪೆ ಸುಲಿದರೆ ಒಳಗಿನ ಬೀಜ ಬಿಡಿಯಾಗಿ ಬರುತ್ತದೆ. ಭತ್ತ, ಗೋಧಿ, ಮೆಕ್ಕೆಜೋಳದಲ್ಲಿ ಫಲದ ಗೋಡೆಯೂ ಬೀಜದ ಸಿಪ್ಪೆಯೂ ಬೆಸೆದುಕೊಂಡಿರುವುದರಿಂದ ಬೇರ್ಪಡಿಸಲಾಗದು. ಕಡಲೆಕಾಯಿ ನೆಲದಡಿ ಬಲಿತರೂ ಬಟಾಣಿಯ ಬಂಧುವೇ: ಹೊರಚಿಪ್ಪು ಫಲದ ಗೋಡೆ, ಕಾಳಿನ ಕೆಂಪು ಪೊರೆ ಬೀಜದ ಸಿಪ್ಪೆ. ಕೊತ್ತಂಬರಿಯ ಉಂಡೆ ಎರಡು ಹೋಳಾಗುತ್ತದೆ, ಒಂದೊಂದು ಹೋಳಿನಲ್ಲಿ ಒಂದೊಂದು ಬೀಜ.

ಬೀಜದೊಳಗೆ

ಅವರೆ ಅಥವಾ ಹುರುಳಿಕಾಯಿಯ ಬೀಜವನ್ನು 8ರಿಂದ 12 ಗಂಟೆ, ಮೆಕ್ಕೆಜೋಳವನ್ನು ಒಂದು ದಿನ ನೆನೆಸಿ. ನೆನೆದ ಅವರೆಬೀಜವನ್ನು ಒರೆಸಿ, ಬೀಜ ಅಂಟಿದ್ದ ಗಾಯದ ಗುರುತಿನ ಬಳಿ ಒತ್ತಿದರೆ ಪುಟ್ಟ ರಂಧ್ರದಿಂದ ನೀರಹನಿ ಹೊರಬರುತ್ತದೆ. ಸಿಪ್ಪೆ ಸುಲಿದು ಎರಡು ಬೀಜದಳಗಳನ್ನು ಮೆಲ್ಲಗೆ ಬಿಡಿಸಿ. ಬೇರಿನ ಮೊಳಕೆ ರಂಧ್ರದತ್ತ ಮುಖ ಮಾಡಿರುತ್ತದೆ, ಪುಟ್ಟ ಎಲೆಗಳ ಕುಡಿ ದಳಗಳ ನಡುವೆ ಅಡಗಿರುತ್ತದೆ. ಆಹಾರವೆಲ್ಲ ದಳಗಳಲ್ಲೇ ಇದೆ.

ಮೆಕ್ಕೆಜೋಳದಲ್ಲಿ ಒಂದು ಅಗಲ ಮುಖದ ಮೇಲೆ ಮಾಸಲು ಬಿಳಿ ಪಟ್ಟಿ ಕಾಣುತ್ತದೆ. ಅದರ ನಡುವೆ ಉದ್ದಕ್ಕೆ, ಅಗಲ ಮುಖಕ್ಕೆ ಲಂಬವಾಗಿ ಬ್ಲೇಡ್ ಇಳಿಸಿ. ಪಟ್ಟಿಯ ಬದಿಗೆ ಕೊಯ್ದರೆ ಭ್ರೂಣ ತಪ್ಪಿಹೋಗಿ ಬರೀ ಹಿಟ್ಟು ಕಾಣುತ್ತದೆ. ಕೊಯ್ದ ಮುಖಕ್ಕೆ ಒಂದು ಹನಿ ಅಯೋಡಿನ್ ಹಾಕಿ: ಎಂಡೋಸ್ಪರ್ಮ್ ನೀಲಿಗಪ್ಪಾಗುತ್ತದೆ, ಭ್ರೂಣದ ಬಣ್ಣ ಅಷ್ಟು ಬದಲಾಗುವುದಿಲ್ಲ. ಹರಳು, ಕೊಬ್ಬರಿಗೆ ಈ ಪರೀಕ್ಷೆ ಹೊಂದದು, ಅಲ್ಲಿ ಕೂಡಿಟ್ಟದ್ದು ಎಣ್ಣೆ. ಕಾಗದದ ಮೇಲೆ ಒತ್ತಿ ಪಾರದರ್ಶಕ ಕಲೆ ಬೀಳುವುದನ್ನು ನೋಡಿ. ಹರಳಿನಲ್ಲಿ ಎರಡು ಬೀಜದಳಗಳೂ ಇವೆ, ಎಂಡೋಸ್ಪರ್ಮ್ ಕೂಡ ಇದೆ. ದ್ವಿದಳ ಎಂದ ಕೂಡಲೇ ಆಹಾರ ಬೀಜದಳದಲ್ಲೇ ಇರಬೇಕು ಎನ್ನುವುದು ತಪ್ಪು.

ಬಗೆ ತಿಳಿದ ಮೇಲೆ ಬೀಜ ತೆಗೆಯುವುದು

ಬಿರಿಯುವ ಫಲವನ್ನು ಬಿರಿಯುವ ಮುಂಚೆ ಹಿಡಿಯಬೇಕು: ಗೊಂಚಲಿನ ಕೆಳಗಿನ ಕಾಯಿಗಳು ಕಂದಾದಾಗ ಕಾಗದದ ಚೀಲ ಕಟ್ಟಿ. ಪ್ಲಾಸ್ಟಿಕ್ ಬೇಡ, ತೇವ ನಿಂತು ಬೂಷ್ಟು ಬರುತ್ತದೆ. ರಸಫಲಗಳಲ್ಲಿ ತಿನ್ನುವ ಹಂತ ಬೇರೆ, ಬೀಜ ಬಲಿಯುವ ಹಂತ ಬೇರೆ. ಸೌತೆ ಹಳದಿಯಾಗುವವರೆಗೂ, ಬದನೆ ಬಣ್ಣ ಮಾಸುವವರೆಗೂ ಗಿಡದಲ್ಲೇ ಇರಲಿ. ಟೊಮೆಟೊ ಬೀಜದ ಸುತ್ತಲಿನ ಲೋಳೆ ಮೊಳಕೆಯನ್ನು ತಡೆಯುತ್ತದೆ. ಸ್ವಲ್ಪ ನೀರಿನಲ್ಲಿ 2–3 ದಿನ ಹುಳಿಯಲು ಬಿಟ್ಟು ತೊಳೆಯಿರಿ. ಹೆಚ್ಚು ದಿನ ಬಿಟ್ಟರೆ ಬೀಜ ಅಲ್ಲೇ ಮೊಳೆಯುತ್ತದೆ. ಪಪ್ಪಾಯಿ ಬೀಜದ ಲೋಳೆಚೀಲವನ್ನು ಉಜ್ಜಿ ತೆಗೆಯಿರಿ. ಒಣಗಿಸುವುದು ನೆರಳಿನಲ್ಲಿ, ಕಾಗದ ಅಥವಾ ಬಟ್ಟೆಯ ಮೇಲೆ.

ಮಾವು, ಹಲಸಿನ ಬೀಜಗಳಿಗೆ ಈ ಒಣಗಿಸುವಿಕೆಯೇ ಮರಣ. ತೇವ ಕಳೆದುಕೊಂಡರೆ ಅವು ಮೊಳೆಯುವುದಿಲ್ಲ, ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ಬಿತ್ತಬೇಕು. ಮಾವಿನ ಗೊರಟಿನ ಅಂಚನ್ನು ಜಾಗ್ರತೆಯಿಂದ ಬಿಡಿಸಿ ಒಳಗಿನ ಬೀಜ ಹೊರತೆಗೆದರೆ ಬೇಗ ಮೊಳೆಯುತ್ತದೆ. ಕೆಲವು ತಳಿಗಳಲ್ಲಿ ಒಂದೇ ಬೀಜದಿಂದ ಹಲವು ಸಸಿಗಳು ಏಳುತ್ತವೆ, ಅಲ್ಲಿ ಭ್ರೂಣಗಳೇ ಹಲವು. ಸಿಪ್ಪೆ ಅತಿ ಗಡಸಾದ ದ್ವಿದಳ ಬೀಜಗಳು ನೀರು ಕುಡಿಯದಿದ್ದರೆ ಗಾಯದ ಗುರುತಿನ ಎದುರು ಬದಿಯಲ್ಲಿ ಉಜ್ಜುಕಾಗದದಿಂದ ತುಸು ತೀಡಿ. ಗುರುತಿನ ಬದಿಯಲ್ಲೇ ತೀಡಿದರೆ ಬೇರಿನ ಮೊಳಕೆಗೇ ಪೆಟ್ಟು ಬೀಳುತ್ತದೆ.